ಮಳೆಗಾಲದಲ್ಲಿ ಮನೆ ಒಣಗಿಸುವ ಕೆಲಸ, ಅದಕ್ಕೆ ಕೊಂಡ ಸಾಮಾನು

ಕೊಡಗಿನಲ್ಲಿ ಮನೆಗೆ ನೀರು ನುಗ್ಗಿದ ಕೂಡಲೇ ಎಲ್ಲರೂ ಹುಡುಕುವುದು ಪಂಪ್. ನಿಜ ಹೇಳಬೇಕೆಂದರೆ ಇಲ್ಲಿ ಪಂಪಿಗೆ ಬರವಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯಲು ಬಹಳಷ್ಟು ತೋಟಗಳಲ್ಲಿ ಪಂಪ್‌ಸೆಟ್ ಇಟ್ಟಿರುತ್ತಾರೆ. ಹೊಳೆ ಇಳಿದರೆ ಮನೆಯೊಳಗಿನ ನೀರೂ ಹೆಚ್ಚುಕಡಿಮೆ ತಾನಾಗಿಯೇ ಇಳಿಯುತ್ತದೆ. ಕಷ್ಟ ಕೊಡುವುದು ಗೋಡೆ, ನೆಲ, ಬಾಗಿಲು ಕುಡಿದ ನೀರು. ಹೊರಗೆ ಮಳೆ ಹೊಡೆಯುತ್ತಲೇ ಇರುವಾಗ ಅದನ್ನು ಒಣಗಿಸುವುದೇ ನಿಜವಾದ ಕೆಲಸ.

ನಾನು ಕುಶಾಲನಗರದಲ್ಲಿ ಪೇಂಟಿಂಗ್, ವಾಟರ್‌ಪ್ರೂಫಿಂಗ್ ಗುತ್ತಿಗೆ ಮಾಡುತ್ತೇನೆ. 2018ರ ಆಗಸ್ಟಿನಲ್ಲಿ ನಮ್ಮ ಊರಿನ ಸಾಯಿ ಬಡಾವಣೆಗೆ ನೀರು ಬಂತು. 2019ರಲ್ಲಿ ಮತ್ತೆ ಬಂತು, ಆ ವರ್ಷ ಕರಡಿಗೋಡು, ನೆಲ್ಯಹುದಿಕೇರಿ ಕಡೆಯೂ ಹೊಳೆ ದಂಡೆಯ ಮನೆಗಳು ಮುಳುಗಿದವು. ನಮ್ಮ ಊರಲ್ಲಿ ಮಳೆ ಕಡಿಮೆ. ಆದರೆ ಭಾಗಮಂಡಲ, ನಾಪೋಕ್ಲು ಕಡೆ ಸುರಿದದ್ದು ಕಾವೇರಿಯಲ್ಲಿ ಇಲ್ಲಿಗೇ ಬರಬೇಕಲ್ಲ. ಬಣ್ಣ ಹೊಡೆಯಲು ಕರೆದವರ ಮನೆಗೆ ಹೋದರೆ ಗೋಡೆ ಹಸಿಹಸಿ. ಹಾಗೆ ಒಣಗಿಸುವ ಕೆಲಸವೂ ಕೈಗೆ ಅಂಟಿಕೊಂಡಿತು, ಒಂದೊಂದೇ ಸಾಮಾನು ಕೊಳ್ಳುತ್ತಾ ಹೋದೆ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗರು ಏನು ಕೊಳ್ಳಬೇಕು ಎಂದು ಕೇಳಿದರೆ, ಮೊದಲು ಮಾಯಿಶ್ಚರ್ ಮೀಟರ್ ಎನ್ನುತ್ತೇನೆ. ಗೋಡೆ, ಮರದೊಳಗಿನ ತೇವ ತೋರಿಸುವ, ಎರಡು ಸೂಜಿ ಇರುವ, ಕೈಯಲ್ಲಿ ಹಿಡಿಯುವಂಥದ್ದು. ಅದರ ಜೊತೆಗೆ ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್ ಎರಡು. ಒಂದು ಒಳಗೆ, ಒಂದು ಹೊರಗೆ. ಇದಿಷ್ಟೂ ದೊಡ್ಡ ಖರ್ಚಲ್ಲ. ಆದರೆ ಇವಿಲ್ಲದೆ ಲಕ್ಷ ರೂಪಾಯಿಯ ಯಂತ್ರ ತಂದರೂ ಕತ್ತಲಲ್ಲಿ ಕೆಲಸ. ತೋಟದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮಾಯಿಶ್ಚರ್ ನೋಡದೆ ಕಾಫಿ ಯಾರೂ ಕೊಳ್ಳುವುದಿಲ್ಲ, ಕೈಯಲ್ಲಿ ಹಿಡಿದು ಒಣಗಿದೆ ಅಂದರೆ ವ್ಯಾಪಾರಿ ನಗುತ್ತಾನೆ. ಗೋಡೆಯ ಕಥೆಯೂ ಅಷ್ಟೇ.

ಮೀಟರಿನ ಅಂಕಿಯನ್ನು ಓದುವುದರಲ್ಲಿ ಒಂದು ಸೂಕ್ಷ್ಮ ಇದೆ. ಅದು ಮರಕ್ಕೆಂದು ಮಾಡಿದ ಅಳತೆ. ಮರದ ಮೇಲೆ 20%ಗಿಂತ ಜಾಸ್ತಿ ತೋರಿಸಿದರೆ ಬೂಷ್ಟು, ಕೊಳೆತ ಎರಡಕ್ಕೂ ದಾರಿ ಎಂದು ನೇರವಾಗಿ ತಿಳಿಯಬಹುದು. ಸಿಮೆಂಟ್ ಗೋಡೆಯ ಮೇಲೆ ಅದೇ ಅಂಕಿಗೆ ಆ ಅರ್ಥ ಇಲ್ಲ. ಹಾಗಾಗಿ ಅದೇ ಮನೆಯಲ್ಲಿ ನೀರು ಮುಟ್ಟದ ಗೋಡೆಯ ಮೇಲ್ಭಾಗವನ್ನು ಮೊದಲು ಅಳೆದು ಬರೆದಿಡುತ್ತೇನೆ. ಹಸಿ ಗೋಡೆ ಅದರ ಹತ್ತಿರಕ್ಕೆ ಬಂದರೆ ಒಣಗಿತು ಎಂದು ಲೆಕ್ಕ. ಬಿಳಿ ಉಪ್ಪು ಎದ್ದಿರುವ ಕಡೆ ಸೂಜಿ ಚುಚ್ಚಿದರೆ ಸುಳ್ಳು ಹೇಳುತ್ತದೆ, ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ನೀರು ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಉಳಿಯುವ ಕೆಸರಿನ ಗೆರೆ ಎಲ್ಲಿದೆಯೋ ಅಲ್ಲಿಗೆ ಅಳತೆ ನಿಲ್ಲಿಸಬಾರದು. ಗೋಡೆ ನೀರನ್ನು ಮೇಲಕ್ಕೆ ಹೀರುತ್ತದೆ, ಗೆರೆಯಿಂದ ಒಂದೆರಡು ಅಡಿ ಮೇಲೂ ನೋಡಬೇಕು.

ಕೆಲಸದ ಶುರು ಮಾತ್ರ ಎಲ್ಲ ಕಡೆ ಒಂದೇ. ಮೇನ್ ಸ್ವಿಚ್ ಆಫ್. ಗಂಬೂಟು, ಕೈಗವಸು ಇಲ್ಲದೆ ಒಳಗೆ ಕಾಲಿಡುವುದಿಲ್ಲ, ಹೊಳೆ ನೀರಲ್ಲಿ ಚರಂಡಿಯೂ ಸೇರಿರುತ್ತದೆ, ಇಲಿಜ್ವರ ತಮಾಷೆಯಲ್ಲ. ನನ್ನ ಹುಡುಗರನ್ನು ಮೊದಲೇ ಆರೋಗ್ಯ ಕೇಂದ್ರಕ್ಕೆ ಕಳಿಸಿ ಅದು ಬಾರದಂತೆ ಮಾತ್ರೆ ಬೇಕಾ ಎಂದು ಕೇಳಿಸುತ್ತೇನೆ. ಆಮೇಲೆ ಫೋಟೋ. ಗೋಡೆಯ ಕೆಸರಿನ ಗೆರೆಗೆ ಟೇಪ್ ಹಿಡಿದು, ಅಂಕಿ ಕಾಣುವ ಹಾಗೆ, ತೊಳೆಯುವ ಮೊದಲೇ ತೆಗೆಯಬೇಕು. ವಿಮೆ ಇದ್ದವರಿಗೆ ಸರ್ವೇಯರ್ ಬಂದಾಗ ಇದು ಕೆಲಸಕ್ಕೆ ಬರುತ್ತದೆ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಮನೆ ಪಾಲಿಸಿ ಇದೆ, ಪ್ರವಾಹವೂ ಅದರಲ್ಲಿ ಸೇರಿದೆ. ನಮ್ಮ ಕಡೆ ಮಾಡಿಸಿಕೊಂಡವರು ಕಡಿಮೆ.

ಕೆಸರು ಹಸಿಯಿರುವಾಗಲೇ ತೆಗೆದುಬಿಡಬೇಕು, ಒಣಗಿದರೆ ಕಲ್ಲಾಗುತ್ತದೆ. ಸಲಿಕೆ, ಬಾಂಡ್ಲಿ, ವೈಪರ್, ಇಷ್ಟೇ ಸಾಕು. ಒಂದು ಎಚ್‌ಪಿಯ ಸಬ್‌ಮರ್ಸಿಬಲ್ ಪಂಪ್ ನನ್ನ ಬಳಿ ಇದೆ, ಚರಂಡಿ ನೀರು ಎತ್ತುವಂಥದ್ದು. ಬಾವಿಯ ತಿಳಿನೀರಿನ ಪಂಪ್ ಕೆಸರಿಗೆ ಹಾಕಿದರೆ ಕಟ್ಟಿಕೊಂಡು ಸುಡುತ್ತದೆ. ನೀರು ಹೀರುವ ವ್ಯಾಕ್ಯೂಮ್ ಮೂಲೆಗೆ, ಕಬೋರ್ಡಿನ ಅಡಿಗೆ ಒಳ್ಳೆಯದು. ಪ್ರೆಶರ್ ವಾಷರ್ ಕಂಡರೆ ಹುಡುಗರಿಗೆ ಖುಷಿ, ಆದರೆ ಹಳೆ ಮಣ್ಣಿನ ಗೋಡೆಗೆ ಅದನ್ನು ತೋರಿಸಲೇಬೇಡಿ, ಗಾರೆಯ ಜೊತೆ ಗೋಡೆಯೂ ಬರುತ್ತದೆ. ತೊಳೆದ ಮೇಲೆ ಬ್ಲೀಚಿಂಗ್ ಪೌಡರ್. ಕೆಸರಿನ ಮೇಲೆಯೇ ಚೆಲ್ಲಿದರೆ ಏನೂ ಆಗುವುದಿಲ್ಲ, ಸುಮ್ನೆ ದಂಡ. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ಬರುವ ಗ್ಯಾಸ್ ವಿಷ.

ಇನ್ನು ಒಣಗಿಸುವ ವಿಷಯ. ಇಲ್ಲಿ ಎಲ್ಲರ ಜೊತೆ ನನಗೆ ಜಗಳ. ಸಿದ್ದಾಪುರ ಕಡೆಯ ಒಂದು ಮನೆಯಲ್ಲಿ ಡೀಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರಿ ನೀರಾಗಿ ಹೊರಹಾಕುವ ಯಂತ್ರ, ಇಟ್ಟು ಕಿಟಕಿ ಮುಚ್ಚಿಸಿದ್ದೆ. ಮಾರನೆ ದಿನ ಹೋದರೆ ಎಲ್ಲಾ ಕಿಟಕಿ ತೆರೆದಿದೆ.

"ಗಾಳಿ ಆಡಿದ್ರೆ ಬೇಗ ಒಣಗುತ್ತಲ್ವಾ ಅಣ್ಣ? ಅದಕ್ಕೆ ತೆಗ್ದೆ," ಎಂದರು ಮನೆಯ ಅಕ್ಕ.

ಹೈಗ್ರೋಮೀಟರನ್ನು ಜಗಲಿಗೆ ತಂದು ಕಂಬಕ್ಕೆ ನೇತುಹಾಕಿದೆ. ಸ್ವಲ್ಪ ಹೊತ್ತಿಗೆ 94 ತೋರಿಸಿತು. "ಅಕ್ಕ, ನೂರಕ್ಕೆ ತೊಂಬತ್ನಾಲ್ಕು. ಈ ಗಾಳಿಗೇ ಹೊಟ್ಟೆ ತುಂಬಿದೆ, ನಿಮ್ಮ ಗೋಡೆಯ ನೀರು ಎಲ್ಲಿ ಕುಡಿಯುತ್ತೆ?" ಎಂದೆ. ಕಿಟಕಿ ಹಾಕಿ ಡೀಹ್ಯುಮಿಡಿಫೈಯರ್ ಮತ್ತೆ ಓಡಿಸಿದೆವು. ಸಂಜೆಗೆ ಒಳಗಿನ ಅಂಕಿ 70ರ ಕೆಳಗೆ ಇಳಿಯಿತು. ಯಂತ್ರದ ಪೈಪಿನಿಂದ ಬಕೆಟಿಗೆ ತೊಟ್ಟಿಕ್ಕುವ ನೀರು ಕಂಡ ಮೇಲೆ ಅಕ್ಕ ಕಿಟಕಿ ಮುಟ್ಟಲಿಲ್ಲ. ಮಳೆ ಬಿಟ್ಟು ಬಿಸಿಲು ಬಂದ ದಿನ ಮಾತ್ರ ಯಂತ್ರ ನಿಲ್ಲಿಸಿ ಕಿಟಕಿ ತೆಗೆಯಬಹುದು. ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಿ ಅಂಥ ದಿನ ಎಷ್ಟು ಸಿಗುತ್ತದೆ ಹೇಳಿ.

ಡೀಹ್ಯುಮಿಡಿಫೈಯರ್ ಕೊಳ್ಳುವಾಗ ಡಬ್ಬದ ಮೇಲೆ ದಿನಕ್ಕೆ 50 ಲೀಟರ್ ಎಂದು ಬರೆದಿರುತ್ತದೆ. ಯಾವ ಹವೆಯಲ್ಲಿ 50 ಲೀಟರ್ ಎಂದು ಕೇಳಿ. ಸಾಮಾನ್ಯವಾಗಿ ಅದು 30 ಡಿಗ್ರಿ ಬಿಸಿ, 80% ತೇವದ ಲೆಕ್ಕ. ಮಡಿಕೇರಿಯಲ್ಲಿ ಜುಲೈ ತಿಂಗಳಲ್ಲಿ ಅಷ್ಟು ಬಿಸಿ ಎಲ್ಲಿದೆ? 20 ಡಿಗ್ರಿ ದಾಟಿದರೆ ಹೆಚ್ಚು. ತಣ್ಣನೆ ಗಾಳಿಯಲ್ಲಿ ನೀರಿನ ಆವಿಯೇ ಕಡಿಮೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರು ಹಿಡಿಯುತ್ತದೆ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಅಷ್ಟೇ. ಅದರಿಂದ ಡಬ್ಬದ ಅಂಕಿಯ ಅರ್ಧ ಸಿಕ್ಕರೆ ನಾನು ಖುಷಿ ಪಡುತ್ತೇನೆ. ಇನ್ನೂ ತಣ್ಣಗಾದರೆ ಯಂತ್ರದ ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಆ ಮಂಜನ್ನು ತಾನೇ ಕರಗಿಸಿಕೊಳ್ಳುವ ಆಟೋ ಡೀಫ್ರಾಸ್ಟ್ ಇಲ್ಲದ್ದನ್ನು ಕೊಡಗಿಗೆ ತರಬೇಡಿ.

ಕೋಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಕೆಲಸ ಬೇಗ ಆಗುತ್ತದೆ. ಹೊರಗಿನ 20 ಡಿಗ್ರಿಯ ಒದ್ದೆ ಗಾಳಿಯನ್ನೇ 28 ಡಿಗ್ರಿಗೆ ಏರಿಸಿದರೆ 95% ಇದ್ದ ತೇವ 60%ರ ಹತ್ತಿರ ಬರುತ್ತದೆ. ಯಂತ್ರವೂ ಬಿಸಿ ಬಿಡುತ್ತದೆ, ಸಾಲದಿದ್ದರೆ ಎಲೆಕ್ಟ್ರಿಕ್ ಹೀಟರ್ ಇಡುತ್ತೇನೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಬಾಣಲೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಜನರೇಟರನ್ನೂ ಅದೇ ಕಾರಣಕ್ಕೆ ಜಗಲಿಯಲ್ಲಿ ಕೂಡ ಇಡಬಾರದು, ಮನೆಯಿಂದ ದೂರ ಇರಬೇಕು.

ಜನರೇಟರ್ ಬೇಕೇ ಬೇಕು, ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ. ಡೀಹ್ಯುಮಿಡಿಫೈಯರಿನ ವ್ಯಾಟ್ ಮಾತ್ರ ನೋಡಿ ಚಿಕ್ಕ ಜನರೇಟರ್ ತಂದರೆ ಆಗುವುದಿಲ್ಲ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು ಕರೆಂಟ್ ಎಳೆಯುತ್ತದೆ. ಒಂದು ಯಂತ್ರ, ಎರಡು ಬ್ಲೋವರಿಗೆ ನಾನು 3 ಕೆವಿಎ ಇಟ್ಟುಕೊಂಡಿದ್ದೇನೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇನೆ. ಒದ್ದೆ ನೆಲದಲ್ಲಿ ಕೆಲಸ, ಇದರಲ್ಲಿ ಕಂಜೂಸ್ ಮಾಡಬಾರದು.

ಬ್ಲೋವರ್ ಅಂದರೆ ನೆಲದ ಮೇಲೆ ಕೂರುವ ಬಸವನಹುಳು ಆಕಾರದ ಫ್ಯಾನ್. ಅದರ ಬಾಯಿಯನ್ನು ಗೋಡೆಗೆ ನೇರ ಹಿಡಿಯದೆ, ಓರೆಯಾಗಿ ಇಟ್ಟು ಗಾಳಿ ಗೋಡೆಗುಂಟ ಹರಿಯುವಂತೆ ಮಾಡಬೇಕು. ಗೋಡೆಯ ಮೇಲೆ ಆಗಲೇ ಬೂಷ್ಟು ಎದ್ದಿದ್ದರೆ ಬ್ಲೋವರ್ ಹಾಕಬೇಡಿ, ಮನೆಯೆಲ್ಲಾ ಹರಡುತ್ತದೆ. ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆದ ಮೇಲೆ ಗಾಳಿ. ನೀರು ಇಳಿದ ಒಂದೆರಡು ದಿನದಲ್ಲೇ ಬೂಷ್ಟು ಹುಟ್ಟಲು ಶುರುವಾಗುತ್ತದೆ, ಅದಕ್ಕೇ ಅವಸರ.

ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಪುಟ್ಟ ಡೀಹ್ಯುಮಿಡಿಫೈಯರುಗಳನ್ನು ಹೋಂಸ್ಟೇಯವರು ಹೆಮ್ಮೆಯಿಂದ ತೋರಿಸುತ್ತಾರೆ. ಕಂಪ್ರೆಸರ್ ಇಲ್ಲದ ಅವು ದಿನಕ್ಕೆ ಅರ್ಧ ಲೀಟರ್ ತೆಗೆದರೆ ದೊಡ್ಡದು. ಬಟ್ಟೆಯ ಬೀರುವಿಗೆ ಸರಿ. ಸೆಕೆಂಡ್ ಹ್ಯಾಂಡ್ ದೊಡ್ಡ ಯಂತ್ರ ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ, ಆದರೆ ಬಾತ್‌ರೂಮಿನ ನೆಲಕ್ಕೆ ನೀರು ಹೊಡೆದು, ಬಾಗಿಲು ಹಾಕಿ, ಒಂದು ಗಂಟೆ ಓಡಿಸಿ ಬಂದ ನೀರನ್ನು ಅಳೆದೇ ದುಡ್ಡು ಕೊಡುವುದು. ಭಾರವನ್ನೂ ನೋಡಿ. ಮಡಿಕೇರಿಯ ಮನೆಗಳಿಗೆ ರಸ್ತೆಯಿಂದ ಮೆಟ್ಟಿಲು ಹತ್ತಬೇಕು, ಚಕ್ರ ಅಲ್ಲಿ ಉಪಯೋಗವಿಲ್ಲ. ಇಬ್ಬರು ಹಿಡಿಯಲು ಕೈಹಿಡಿ ಇರಬೇಕು.

ಕೆಲವು ಮನೆಗೆ ಯಂತ್ರವೇ ಬೇಡ. ಹೊಳೆ ನೀರು ಬಂದದ್ದಲ್ಲ, ನೆಲದಡಿಯಿಂದ ಜಲ ಎದ್ದಿದ್ದರೆ ಎಷ್ಟು ಒಣಗಿಸಿದರೂ ಅಷ್ಟೇ ಬರುತ್ತಿರುತ್ತದೆ. ಗೊತ್ತು ಮಾಡಿಕೊಳ್ಳಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಮೇಲೆ ಹನಿ ಕೂತರೆ ಗಾಳಿಯ ತೇವ, ಅಡಿಯಲ್ಲಿ ಕೂತರೆ ನೆಲದ್ದು. ಅಡಿಯಲ್ಲಿ ಕೂತರೆ ಗುಡ್ಡ ಕಡಿದ ಬರೆ ಕಡೆಯಲ್ಲಿ ಚರಂಡಿ ತೋಡಿಸಿ ಎಂದು ಹೇಳಿ ವಾಪಸ್ ಬರುತ್ತೇನೆ. ಯಂತ್ರದ ಬಾಡಿಗೆ ಹೋಯಿತು ನಿಜ.

ಏನನ್ನು ಉಳಿಸಬಹುದು ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಸಿಗೆ, ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್ ಕಬೋರ್ಡ್, ಮುಳುಗಿದ ಸ್ವಿಚ್ಚು, ಎಂಸಿಬಿ ಎಲ್ಲಾ ಹೊರಗೆ. ತೇಗ, ಬೀಟೆ, ಹಲಸಿನ ಬಾಗಿಲು ಉಳಿಯುತ್ತದೆ, ಆದರೆ ನಿಧಾನವಾಗಿ ಒಣಗಬೇಕು, ಬ್ಲೋವರ್ ನೇರ ಹಿಡಿದರೆ ಸೀಳುತ್ತದೆ. ಬಾಗಿಲು ಉಬ್ಬಿ ಹಾಕಲಾಗುತ್ತಿಲ್ಲ ಎಂದು ಆಗಸ್ಟಿನಲ್ಲೇ ಬಡಗಿಯನ್ನು ಕರೆಸಿ ಅಂಚು ಕೆತ್ತಿಸುತ್ತಾರೆ. ಫೆಬ್ರವರಿಯಲ್ಲಿ ನೋಡಿದರೆ ಬೆರಳು ತೂರುವಷ್ಟು ಸಂದು.

ಅತಿ ಹೆಚ್ಚು ತಾಳ್ಮೆ ಬೇಡುವುದು ಬಣ್ಣ. ನನ್ನ ಅನ್ನವೇ ಬಣ್ಣ, ಆದರೂ ಹೇಳುತ್ತೇನೆ, ಆತುರ ಬೇಡ. ಹಳೆ ಆಯಿಲ್ ಪೇಂಟ್, ಪುಟ್ಟಿ ಕೆರೆದು ಗೋಡೆ ಉಸಿರಾಡಲು ಬಿಡಬೇಕು, ಇಲ್ಲದಿದ್ದರೆ ನೀರು ಒಳಗೇ ಸಿಕ್ಕಿಬೀಳುತ್ತದೆ. ಕಾಂಕ್ರೀಟಿಗೆ ಒಂದು ಇಂಚಿಗೆ ಒಂದು ತಿಂಗಳು ಎಂಬ ಸ್ಥೂಲ ಲೆಕ್ಕವಿದೆ. "ಹುತ್ತರಿ ಹಬ್ಬಕ್ಕೆ ನೆಂಟರು ಬರ್ತಾರೆ, ಅಷ್ಟರಲ್ಲಿ ಮುಗಿಸಿಕೊಡಿ" ಎನ್ನುವವರ ಮುಂದೆ ಮೀಟರ್ ಚುಚ್ಚಿ ತೋರಿಸುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರು ಬೇರೆ ಪೇಂಟರನ್ನು ಕರೆಸಿ, ಬೇಸಿಗೆಯಲ್ಲಿ ಗುಳ್ಳೆ ಎದ್ದ ಮೇಲೆ ಫೋನ್ ಮಾಡುತ್ತಾರೆ.

ಮಳೆ ಮುಗಿದ ಮೇಲೆ ಯಂತ್ರದ ಫಿಲ್ಟರ್ ತೊಳೆದು, ಟ್ಯಾಂಕ್ ಒಣಗಿಸಿ, ವೈರಿಗೆ ಇಲಿ ಬಾಯಿ ಹಾಕದ ಹಾಗೆ ಡಬ್ಬಿಯೊಳಗೆ ಇಡುತ್ತೇನೆ. ಮೇ ತಿಂಗಳ ಶುರುವಿನಲ್ಲಿ ಎಲ್ಲವನ್ನೂ ಹೊರತೆಗೆದು ಓಡಿಸಿ ನೋಡುತ್ತೇನೆ. ಒಳಗಿನ ತಂಪು ಮಾಡುವ ಗ್ಯಾಸ್ ಸೋರಿದ್ದರೆ ಆಗ ಮೈಸೂರಿಗೆ ಕಳಿಸಿ ರಿಪೇರಿ ಮಾಡಿಸಲು ಸಮಯವಿರುತ್ತದೆ. ಜುಲೈನಲ್ಲಿ ಮೆಕ್ಯಾನಿಕ್ ಫೋನೇ ಎತ್ತುವುದಿಲ್ಲ.