ತೋಫು ಗರಿಗರಿ ಆಗ್ಬೇಕಂದ್ರೆ ಮೊದ್ಲು ಅದ್ರ ನೀರಿಳಿಸಿ

ಮೊನ್ನೆ ಭಾನುವಾರ ಸೊಸೆ "ಇವತ್ತು ತೋಫು ನಾನು ಮಾಡ್ತೀನಿ, ನೀವು ಆಚೆ ಕೂತ್ಕೊಳ್ಳಿ ಅತ್ತೆ" ಅಂದ್ಲು. ಕೂತೆ. ಆದ್ರೆ ಕಿವಿ ಕೂರುತ್ತಾ? ಒಳಗಿಂದ ಚಟಪಟ ಚಟಪಟ ಸಿಡಿಯೋ ಸದ್ದು ಬಂದ ಕೂಡ್ಲೇ ಗೊತ್ತಾಯ್ತು, ಪ್ಯಾಕೆಟ್ ಕತ್ತರಿಸಿ ನೀರು ಸೋರ್ತಿರೋ ಹಾಗೇ ತುಂಡು ಮಾಡಿ ಎಣ್ಣೆಗೆ ಬಿಟ್ಟಿದ್ದಾಳೆ ಅಂತ. ಹೋಗಿ ನೋಡಿದ್ರೆ ಅದೇ ಕಥೆ. ಸ್ಟವ್ ಸುತ್ತ ಎಣ್ಣೆ, ಅರ್ಧ ತೋಫು ಬಾಣಲೆ ತಳಕ್ಕೆ ಅಂಟಿದೆ, ಮಿಕ್ಕರ್ಧ ಬೆಂದ ಬೂದುಗುಂಬಳದ ಹೋಳಿನ ಹಾಗೆ ಬೆಳ್ಳಗೆ ಕೂತಿದೆ. ಅದ್ರ ಮೇಲೆ ಸಾಸ್ ಸುರಿದ್ಲು, ಸಾರಾಯ್ತು. ಮೊಮ್ಮಗ ಒಂದು ತುಂಡು ಬಾಯಿಗಿಟ್ಟು "ಅಜ್ಜೀ, ಸ್ಪಾಂಜು" ಅಂದ. ಪಾಪ ಅವಳದೊಂದೇ ತಪ್ಪಲ್ಲ, ಫೋನಲ್ಲಿ ನೋಡ್ಕೊಂಡು ಮಾಡಿದ್ದು, ಆ ವಿಡಿಯೋದಲ್ಲಿ ಮೂವತ್ತು ಸೆಕೆಂಡಿಗೆಲ್ಲ ಅಡುಗೆ ಮುಗಿದು ತಟ್ಟೆಗೆ ಬಂದಿರುತ್ತೆ, ನೀರಿಳಿಸೋದು ತೋರ್ಸೋಕೆ ಅವ್ರಿಗೆಲ್ಲಿ ಪುರುಸೊತ್ತು. ನನ್ನ ತಂಗಿ ಮಗಳೂ ಹೀಗೇ ಮಾಡ್ತಾಳೆ. ಮೇಲಿನ ಮನೆ ಹುಡುಗ ಜಿಮ್ಮಿಗೆ ಹೋಗೋನು, ಪ್ರೋಟೀನ್ ಪ್ರೋಟೀನ್ ಅಂತ ವಾರಕ್ಕೆ ನಾಲ್ಕು ಪ್ಯಾಕೆಟ್ ತರ್ತಾನೆ, ಅವ್ನೂ ಹೀಗೇ. ಒಬ್ಬೊಬ್ರಿಗೆ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರ್ದಿಡ್ತಿದೀನಿ.

ಮೊದ್ಲು ಒಂದು ಮಾತು, ತೋಫು ಅಂದ್ರೆ ಪನೀರಿನ ತಮ್ಮ ಅಲ್ಲ. ನೋಡೋಕೆ ಹಾಗೇ ಇದೆ ಅಂತ ಪನೀರ್ ಹುರಿದ ಹಾಗೆ ಹುರಿಯೋಕೆ ಹೋಗ್ತೀರ, ಅಲ್ಲೇ ಕೆಡೋದು. ಪನೀರಲ್ಲಿ ಹಾಲಿನ ಜಿಡ್ಡಿದೆ, ಕಾವಲಿಗೆ ಬಿದ್ರೆ ತಾನಾಗಿ ಕೆಂಪಾಗುತ್ತೆ. ತೋಫು ಆಗೋದು ಸೋಯಾ ಹಾಲಿಂದ, ಅದನ್ನ ನಿಂಬೆಹುಳಿ ಹಿಂಡಿ ಒಡೆಯೋದಲ್ಲ, ಚೀನಾದೋರು ಜಿಪ್ಸಮ್ ಹಾಕಿ ಹೆಪ್ಪುಗಟ್ಟಿಸ್ತಾರೆ, ಜಪಾನಿನೋರು ಸಮುದ್ರದ ಉಪ್ಪು ತೆಗೆದಮೇಲೆ ಉಳಿಯೋ ಕಹಿ ನೀರು ಹಾಕ್ತಾರೆ, ನಿಗಾರಿ ಅಂತಾರೆ ಅದಕ್ಕೆ. ಹಾಗೆ ಹೆಪ್ಪಾದಾಗ ಒಳಗೆಲ್ಲ ನೀರು ಹಿಡ್ಕೊಂಡೇ ಇರುತ್ತೆ. ಅಂಗಡೀಲಿ ತಗೊಳ್ಳೋವಾಗ ಪ್ಯಾಕೆಟ್ ಮೇಲೆ ಫರ್ಮ್ ಅಂತ ಇರ್ಬೇಕು, ಸಿಲ್ಕನ್ ಅಂತ ಇರೋದು ತಂದು ಕರಿಯೋಕೆ ಹೋಗ್ಬೇಡಿ, ಅದು ಚಮಚದಲ್ಲಿ ತಿನ್ನೋದು, ಹೆಚ್ಚುಕಮ್ಮಿ ನಮ್ಮ ಗಿಣ್ಣಿನ ಥರ.

ಇದನ್ನ ನಾನು ಕಲ್ತಿದ್ದು ಸಿಂಗಾಪುರದಲ್ಲಿ. ದೊಡ್ಡ ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಹೋಗಿದ್ದೆ. ಅಲ್ಲಿ ಸರ್ಕಾರದ ಹೌಸಿಂಗ್ ಬೋರ್ಡ್ ಫ್ಲಾಟು, ಉದ್ದ ಕಾರಿಡಾರು, ಪಕ್ಕದ ಬಾಗಿಲಲ್ಲಿ ನನ್ನದೇ ವಯಸ್ಸಿನ ಚೀನಿ ಹೆಂಗಸು. ಅವ್ರಿಗೆ ನನ್ನ ಭಾಷೆ ಬರಲ್ಲ, ನನ್ನ ಇಂಗ್ಲಿಷು ಅವ್ರ ಇಂಗ್ಲಿಷು ಎರಡೂ ಸೇರಿ ಅರ್ಧ ಆಗ್ತಿತ್ತು. ಅಲ್ಲಿ ವಯಸ್ಸಾದೋರನ್ನೆಲ್ಲ ಆಂಟಿ ಅಂತಾರೆ, ನಾನೂ ಆಂಟಿ ಅಂತಿದ್ದೆ, ಅವ್ರೂ ನನ್ನನ್ನ ಆಂಟಿ ಅಂತಿದ್ರು. ಬಾಣಂತಿಗೆ ತಣ್ಣೀರು ಮುಟ್ಟಿಸ್ಬಾರ್ದು, ಗಾಳಿ ಬಡೀಬಾರ್ದು, ಶುಂಠಿ ಎಳ್ಳೆಣ್ಣೆ ಹಾಕಿ ಅಡುಗೆ ಮಾಡ್ಬೇಕು ಅಂತ ಅವ್ರಲ್ಲೂ ಇದೆ ಅಂತ ಗೊತ್ತಾದಮೇಲೆ ಇಬ್ರಿಗೂ ಒಳ್ಳೆ ಜೋಡಿಯಾಯ್ತು. ಕಿಟಕಿಯಿಂದಾಚೆ ಬಿದಿರು ಗಳ ಚಾಚಿ ಬಟ್ಟೆ ಒಣಗಿಸೋದನ್ನೂ ಅವ್ರೇ ಕಲ್ಸಿದ್ದು, ಹತ್ತನೇ ಮಹಡೀಲಿ ನಂಗೆ ಕೈ ನಡುಗ್ತಿತ್ತು. ಒಂದಿನ ಅವ್ರ ಮನೇಲಿ ಗಟ್ಟಿ ತೋಫು ಮಾಡ್ತಿದ್ರು, ಅಲ್ಲಿ ತಾವ್ ಕ್ವಾ ಅಂತಾರೆ. ನಾನು ಬಾಗಿಲಲ್ಲೇ ನಿಂತು ನೋಡ್ದೆ. ಅವ್ರು ಮಾಡಿದ್ದೇ ಈಗ ಹೇಳ್ತೀನಿ, ಸ್ವಲ್ಪ ನಮ್ಮನೆ ಸಾಮಾನಿಗೆ ಹೊಂದಿಸ್ಕೊಂಡಿದೀನಿ ಅಷ್ಟೆ.

ತೋಫು ಗಟ್ಟಿಯನ್ನ ಅಡ್ಡಕ್ಕೆ ಸೀಳಿ ಎರಡು ಹಲಗೆ ಮಾಡಿ. ತುಂಡು ಮಾಡ್ಬೇಡಿ ಇನ್ನೂ. ಒಂದು ಅಗಲ ಪಾತ್ರೇಲಿ ನೀರು ಕುದಿಸಿ, ಅದಕ್ಕೆ ಕೈತುಂಬ ಉಪ್ಪು, ಬಾಯಿಗೆ ಹಾಕಿದ್ರೆ ಮುಖ ಹಿಂಡ್ಬೇಕು ಅಷ್ಟು. ಸ್ಟವ್ ಆರಿಸಿ, ತೋಫು ಹಲಗೆ ಮೆಲ್ಲಗೆ ಬಿಟ್ಟು ಮುಚ್ಚಿ. ನೀರು ತೆಗೆಯೋಕೆ ನೀರಿಗೇ ಹಾಕೋದಾ ಅಂತ ಸೊಸೆ ನಕ್ಕಿದ್ಲು, ನಗ್ಲಿ. ಬಿಸಿ ತಾಗಿದ್ರೆ ತೋಫು ಮೈ ಬಿಗಿಯುತ್ತೆ, ಬಿಗಿದಾಗ ಒಳಗಿನ ನೀರು ಆಚೆ ಬರುತ್ತೆ, ಉಪ್ಪೂ ಒಂಚೂರು ಮೈಗೆ ಹತ್ತುತ್ತೆ. ಕಾಲು ಗಂಟೆ ಸಾಕು. ಆಮೇಲೆ ಜಾಲರಿ ಸಟುಗದಲ್ಲಿ ಎತ್ತಿ, ಇನ್ನೂ ಹಬೆ ಆಡ್ತಿರೋವಾಗ್ಲೇ ಬಟ್ಟೆ ಮೇಲಿಡ್ಬೇಕು. ತಣ್ಣಗಾಗೋಕೆ ಬಿಟ್ರೆ ಅರ್ಧ ಕೆಲಸ ಹೋಯ್ತು. ಬಿಸಿ ಇರೋವಾಗ ಆ ಹಬೇಲೇ ನೀರು ಹಾರಿಹೋಗುತ್ತೆ, ಚಿತ್ರಾನ್ನಕ್ಕೆ ಅನ್ನ ತಟ್ಟೇಲಿ ಹರವಲ್ವಾ, ಹಾಗೆ.

ಬಟ್ಟೆ ವಿಷಯಕ್ಕೆ ಬಂದ್ರೆ ನಂಗೆ ಕೋಪ ಬರುತ್ತೆ. ಆ ಆಂಟಿ ಬಿಳಿ ತೆಳು ಟವಲ್ ಉಪಯೋಗಿಸ್ತಿದ್ರು, ಕೆಂಪಕ್ಷರದಲ್ಲಿ ಗುಡ್ ಮಾರ್ನಿಂಗ್ ಅಂತ ಬರ್ದಿರೋದು, ಅಲ್ಲಿ ಎಲ್ರ ಮನೇಲೂ ಅದೇ. ನಾನು ನಮ್ಮೆಜಮಾನ್ರ ಹಳೇ ಪಂಚೆ ತುಂಡು ಇಟ್ಕೊಂಡಿದೀನಿ, ತೊಳೆದು ತೊಳೆದು ಮೆತ್ತಗಾಗಿ ನೀರು ಮುಟ್ಟಿದ್ರೆ ಸಾಕು ಹೀರ್ಕೊಳ್ಳುತ್ತೆ. ಸೊಸೆ ಪೇಪರ್ ಟವಲ್ ಅರ್ಧ ರೋಲ್ ಖರ್ಚು ಮಾಡ್ತಾಳೆ, ಒದ್ದೆಯಾಗಿ ಹರಿದು ತೋಫುಗೆ ಅಂಟುತ್ತೆ, ಆಮೇಲೆ ಉಗುರಲ್ಲಿ ಕೆರೆದು ತೆಗೀತಾಳೆ. ಇನ್ನೊಂದು, ಅಡುಗೆಮನೆ ಬಟ್ಟೆಗೆ ಆ ಘಮಘಮ ಅನ್ನೋ ಫ್ಯಾಬ್ರಿಕ್ ಕಂಡೀಷನರ್ ಲಿಕ್ವಿಡ್ ಹಾಕ್ಬೇಡ್ರಮ್ಮಾ, ಅದು ಬಟ್ಟೆ ಮೇಲೆ ಜಿಡ್ಡಿನ ಪದರ ಹಾಗೆ ಕೂತ್ಕೊಳ್ಳುತ್ತೆ, ಬಟ್ಟೆ ನೀರೇ ಹೀರಲ್ಲ, ಮೇಲಿಂದ ತೋಫು ಮಲ್ಲಿಗೆ ವಾಸನೆ ಹೊಡಿಯುತ್ತೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿ ನೆನೆಸಿ ಬೆಳಿಗ್ಗೆ ಹಿಂಡಿ ಬಿಸಿಲಿಗೆ ಹಾಕಿ, ಮುಗೀತು. ಇದು ಬೇರೆ ವಿಷಯ, ಬಿಡಿ.

ಪಂಚೇಲಿ ಸುತ್ತಿದ್ರಾ, ಈಗ ಅದನ್ನ ಚಪಾತಿ ಮಣೆ ಮೇಲಿಟ್ಟು, ಮೇಲೊಂದು ಚಪ್ಪಟೆ ತಟ್ಟೆ, ತಟ್ಟೆ ಮೇಲೆ ತಾಮ್ರದ ಚೊಂಬು. ಚೊಂಬೇ ಯಾಕೆ ಅಂದ್ರೆ ಭಾರ ನಮ್ಮ ಕೈಲಿರುತ್ತೆ. ಮೊದ್ಲು ಅರ್ಧ ಚೊಂಬು ನೀರು ಮಾತ್ರ. ಹತ್ತು ನಿಮಿಷ ಆದ್ಮೇಲೆ ತೋಫು ಪಕ್ಕ ನೋಡಿ, ಹೊಟ್ಟೆ ಹಾಗೆ ಉಬ್ಬಿದ್ರೆ ಭಾರ ಜಾಸ್ತಿ, ನೀರು ಚೆಲ್ಲಿ. ನೆಟ್ಟಗಿದ್ರೆ ಕಂಠದ ತನಕ ತುಂಬಿ, ಬಟ್ಟೆ ಮಗ್ಗುಲು ಬದಲಾಯಿಸಿ, ಇನ್ನೊಂದು ಹತ್ತು ನಿಮಿಷ. ನನ್ನ ತಂಗಿ ಮಗಳು ಒಂದೇ ಸಲಕ್ಕೆ ಕುಕ್ಕರ್ ಎತ್ತಿಟ್ಟು ಪಕ್ಕ ಸೀಳಿಸಿ ಪಲ್ಯ ಮಾಡಿದ್ಲು. ಆತುರ ಬೇಡ. ಮಣೆ ಒಂದು ಕಡೆ ಬೆರಳಷ್ಟು ಎತ್ತರ ಮಾಡಿ ಸಿಂಕ್ ಕಡೆ ವಾಲಿಸಿಟ್ರೆ ನೀರು ತಾನೇ ಹರಿದುಹೋಗುತ್ತೆ. ಬಟ್ಟೆ ಬಿಚ್ಚಿದಾಗ ತೋಫು ಮೇಲೆ ಪಂಚೆ ನೇಯ್ಗೆ ಅಚ್ಚು ಬಿದ್ದಿರ್ಬೇಕು, ಬೆರಳಿಟ್ರೆ ಬೆರಳು ಒದ್ದೆ ಆಗ್ಬಾರ್ದು, ತೇವ ಅನ್ನಿಸ್ಬೇಕು ಅಷ್ಟೆ. ಆ ಅಚ್ಚು ಬೀಳೋ ತನಕ ನಾನು ಒಲೆ ಹಚ್ಚಲ್ಲ.

ಆಮೇಲೆ ಚಾಕು ಬೇಡ, ಕೈಯಲ್ಲೇ ಮುರೀರಿ, ಬೆಲ್ಲ ಮುರಿದ ಹಾಗೆ. ಚಾಕಲ್ಲಿ ಕತ್ತರಿಸಿದ್ರೆ ಗಾಜಿನ ಹಾಗೆ ನುಣ್ಣಗಿರುತ್ತೆ, ಹಿಟ್ಟು ಹಿಡಿಯಲ್ಲ. ಮುರಿದಿದ್ರಲ್ಲಿ ಅಂಚುಪಂಚು ಇರುತ್ತೆ, ಆ ಅಂಚೇ ಗರಿಗರಿ ಆಗೋದು. ಅದ್ರ ಮೇಲೆ ಕಾರ್ನ್ ಫ್ಲೋರ್ ಉದುರಿಸಿ. ಬೆಳ್ಳಗಿರೋದು, ಮುಟ್ಟಿದ್ರೆ ಕಿರುಗುಟ್ಟೋದು. ಹಳದಿ ಮೆಕ್ಕೆಜೋಳದ ಹಿಟ್ಟು ತಂದು "ಅದೇ ಅಲ್ವಾ" ಅನ್ಬೇಡಿ, ಅಲ್ಲ. ಮನೇಲಿ ಕೂವೆ ಹಿಟ್ಟು ಇದ್ರೆ ಅದು ಇನ್ನೂ ಚೆನ್ನ, ಊರಿಂದ ಅಕ್ಕ ಕಳ್ಸಿದ್ದು ನಾನು ಅದಕ್ಕೇ ಬಳಸ್ತೀನಿ. ಮೊರದಲ್ಲಿ ಕೇರೋ ಹಾಗೆ ಒಂದೆರಡು ಸಲ ಹಾರಿಸಿ, ಹಿಟ್ಟು ಹಿಡ್ಕೊಂಡಷ್ಟು ಹಿಡ್ಕೊಳ್ಳುತ್ತೆ, ಉಳಿದಿದ್ದು ಉದುರುತ್ತೆ. ಹಚ್ಚಿದ ತಕ್ಷಣ ಎಣ್ಣೆಗೆ, ಇಟ್ಕೊಂಡು ಫೋನಲ್ಲಿ ಮಾತಾಡ್ತಾ ನಿಂತ್ರೆ ಅಂಟಾಗುತ್ತೆ.

ಕಬ್ಬಿಣದ ಕಾವಲಿ, ಕಡ್ಲೆಕಾಯಿ ಎಣ್ಣೆ, ದೋಸೆಗಿಂತ ಜಾಸ್ತಿ ಪೂರಿಗಿಂತ ಕಮ್ಮಿ. ಒಂದು ಚೂರು ಹಾಕಿದ್ರೆ ಸುತ್ತ ನೊರೆ ಬರ್ಬೇಕು. ಒಂದರ ಪಕ್ಕ ಒಂದು, ಒತ್ತೊತ್ತಾಗಿ ಅಲ್ಲ, ಒಂದು ಸಲ ಇಟ್ಟಮೇಲೆ ಕೆದಕ್ಬೇಡಿ. ಕೆಂಪಾದ್ರೆ ತಾನೇ ಕಾವಲಿ ಬಿಡುತ್ತೆ, ಬಿಡಲಿಲ್ಲ ಅಂದ್ರೆ ಇನ್ನೂ ಆಗಿಲ್ಲ ಅಂತ. ತೆಗೆದು ಜಾಲರಿ ಮೇಲೆ ಹಾಕಿ, ತಟ್ಟೇಲಿ ಗುಡ್ಡೆ ಹಾಕಿದ್ರೆ ಅಡಿ ಹಬೆಗೆ ಮೆತ್ತಗಾಗುತ್ತೆ.

ಸಾಸಿಗೆ ಏನೂ ದೊಡ್ಡ ವಿದ್ಯೆ ಬೇಡ. ಆಂಟಿ ಕೆಚಪ್ ಮಾನಿಸ್ ಅಂತ ಕಪ್ಪಗೆ ಗಟ್ಟಿಯಾಗಿರೋ ಸಿಹಿ ಸೋಯಾ ಸಾಸ್ ಹಾಕ್ತಿದ್ರು, ನಾಲಿಗೆ ಮೇಲಿಟ್ಟಾಗ ಅರೆ ಇದು ನಮ್ಮ ಜೋನಿ ಬೆಲ್ಲದ ತಂಗಿ ಅನ್ನಿಸ್ತು. ಹಾಗಾಗಿ ನಾನು ಸೋಯಾ ಸಾಸು, ಅದ್ರ ಜೊತೆಗೆ ಜೋನಿ ಬೆಲ್ಲ. ಎಷ್ಟು ಅಂದ್ರೆ ಸೋಯಾ ಉಪ್ಪು ಮುಂದೆ ಬಂದು ಬೆಲ್ಲ ಹಿಂದೆ ನಿಲ್ಬೇಕು, ರುಚಿ ನೋಡ್ಕೊಳ್ಳಿ. ಬೇರೆ ಉಪ್ಪು ಹಾಕಿದ್ರೆ ನನ್ನ ಕೇಳ್ಬೇಡಿ. ಶುಂಠಿ ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಬಾಡಿಸಿ, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ ಎರಡು, ಅದಕ್ಕೆ ಖಾರ ಕಮ್ಮಿ ಬಣ್ಣ ಜಾಸ್ತಿ. ಕೆಂಪು ಕಲರ್ ಪುಡಿ ಡಬ್ಬಿ ಇದ್ರೆ ಎಸೀರಿ, 2024ರ ಮಾರ್ಚಲ್ಲಿ ನಮ್ಮ ಸರ್ಕಾರವೇ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕ್ಬಾರ್ದು ಅಂತ ನಿಷೇಧ ಮಾಡ್ತು, ಇನ್ನೂ ಮನೇಲಿ ಹಾಕ್ತಾರೆ ಕೆಲವ್ರು. ಅರ್ಧ ಲೋಟ ನೀರು ಹಾಕಿ ಕುದಿಸಿ. ಪಾಕ ನೋಡೋಕೆ ಬರುತ್ತಲ್ಲ, ಬೆರಳಿಗೆ ಅಂಟ್ಬೇಕು, ಎಳೆ ಬರ್ಬಾರ್ದು, ಎಳೆ ಬಂದ್ರೆ ತಣ್ಣಗಾದಾಗ ಚಿಕ್ಕಿ ಆಗುತ್ತೆ. ಸ್ಟವ್ ಆರಿಸಿ ಆಮೇಲೆ ಅರ್ಧ ನಿಂಬೆಹಣ್ಣು.

ತೋಫು ಅದಕ್ಕೆ ಹಾಕೋದು ಎಲ್ರೂ ಊಟಕ್ಕೆ ಕೂತಮೇಲೆ. ಮೊಸರು ವಡೆ ನೆನೀಬೇಕು, ಇದು ನೆನೀಬಾರ್ದು. ಹುರಿದ ಎಳ್ಳು, ಈರುಳ್ಳಿ ಸೊಪ್ಪು ಉದುರಿಸಿ ಎರಡು ಸಲ ಹಾರಿಸಿ ನೇರ ತಟ್ಟೆಗೆ. ನಮ್ಮನೇಲಿ ಮಗ "ಐದು ನಿಮಿಷ ಅಮ್ಮಾ, ಕಾಲ್ ಇದೆ" ಅಂತಾನೆ, ಅವ್ನ ಪಾಲಿನದ್ದು ಹಾಗೇ ಜಾಲರಿ ಮೇಲೆ ಬಿಟ್ಟಿರ್ತೀನಿ, ಸಾಸು ಬೇರೆ ಬಟ್ಟಲಲ್ಲಿ, ಬಂದಾಗ ಅವ್ನೇ ಕಲ್ಸ್ಕೊಳ್ಲಿ. ಬಾಣಲೇಲಿ ಉಳಿದ ಸಾಸಿಗೆ ಮಾತ್ರ ನಾನೇ ಒಂದು ಹಿಡಿ ಬಿಸಿ ಅನ್ನ ಹಾಕಿ ಒರೆಸಿ ತಿಂತೀನಿ, ಅದನ್ನ ಯಾರಿಗೂ ಕೊಡಲ್ಲ.

ಸೊಸೆ ಮುಂದಿನ ಭಾನುವಾರ ಮತ್ತೆ ಮಾಡ್ತಾಳಂತೆ. ಪಂಚೆ ತುಂಡು ಮಡಚಿ, ಚೊಂಬು ಬೆಳಗಿ ಕಟ್ಟೆ ಮೇಲೆ ಅವಳ ಕಣ್ಣಿಗೆ ಬೀಳೋ ಹಾಗೆ ಇಟ್ಟಿದೀನಿ.