ಹಳೇ ಪಿಕಪ್ ಮನೇಲೇ ರೆಡಿ ಮಾಡ್ಕೊಳ್ಳೋದು: ಮೊದಲು ನೀರು ನೋಡಿ, ಇಂಜಿನ್ ಆಮೇಲೆ

ನಮ್ಮ ಕೋಲಾರದ ಕಡೆ ಹದಿನೈದು ವರ್ಷ ಓಡಿರೋ ಪಿಕಪ್ ನೋಡೋಕೆ ಹೋದೋರು ಮೊದಲು ಬಾನೆಟ್ ಎತ್ತಿ ಇಂಜಿನ್ ಸೌಂಡ್ ಕೇಳ್ತಾರೆ, ಹೊಗೆ ನೋಡ್ತಾರೆ, ಅಲ್ಲೇ ರೇಟ್ ಮಾತಾಡಿಬಿಡ್ತಾರೆ. ನಾನು ಹೇಳೋದು, ಮೊದಲು ಒಂದು ಗೋಣಿಚೀಲ ಹಾಸ್ಕೊಂಡು ಗಾಡಿ ಕೆಳಗೆ ಮಲಗಿ. ಟಾಟಾ 207 ಆಗ್ಲಿ, ಹಳೇ ಡಿಐ ಇಂಜಿನ್ ಮಹೀಂದ್ರಾ ಪಿಕಪ್ ಆಗ್ಲಿ, ಇಂಜಿನ್ ಅಷ್ಟು ಸುಲಭಕ್ಕೆ ಕೈ ಕೊಡಲ್ಲ, ಕೊಟ್ರೂ ಬೆಂಗಳೂರು ಜೆಸಿ ರೋಡಿಗೆ ಹೋದ್ರೆ ಪಾರ್ಟು ಸಿಗುತ್ತೆ. ನಮ್ಮ ಕಡೆ ಗಾಡಿನ ಸಾಯ್ಸೋದು ನೀರು. ಬಾಡಿ, ಅಂದ್ರೆ ಹಿಂದೆ ಲೋಡ್ ತುಂಬೋ ತೊಟ್ಟಿ, ಅದರ ಮೇಲೆ ಸುರಿಯೋ ಟೊಮೆಟೊ ನೀರು ಒಂದು, ರೇಡಿಯೇಟರ್‌ಗೆ ಸುರಿಯೋ ಬೋರ್ ನೀರು ಇನ್ನೊಂದು.

ನಮ್ಮದು 207 ಡಿಐ, ಕೆಎ 07 ನಂಬರ್, ಅಪ್ಪ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಎಷ್ಟೋ ವರ್ಷ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆದು ಆಮೇಲೆ ಮೂರು ವರ್ಷ ಮನೆ ಹಿಂದೆ ಹುಣಸೆ ಮರದ ಕೆಳಗೆ ನಿಂತುಬಿಟ್ಟಿತ್ತು. ಗುಜರಿಗೆ ಕೊಡೋಣ ಅಂತ ಎಲ್ಲರೂ ಅಂದ್ರು, ನನಗೆ ಮನಸ್ಸು ಬರಲಿಲ್ಲ. ಅದನ್ನ ನಾನೂ ನನ್ನ ತಮ್ಮನೂ ಸೇರಿ ಮನೆ ಅಂಗಳದಲ್ಲೇ ಎಬ್ಬಿಸಿ ನಿಲ್ಲಿಸಿದ ಅನುಭವದ ಮೇಲೆ ಇದನ್ನ ಬರೀತಿದೀನಿ.

ಶುರು ಮಾಡೋಕೆ ಮುಂಚೆ ಒಂದೇ ಮಾತು, ಬರೀ ಜಾಕಿ ನಂಬ್ಕೊಂಡು ಗಾಡಿ ಕೆಳಗೆ ಹೋಗ್ಬೇಡಿ. ಹೈಡ್ರಾಲಿಕ್ ಜಾಕಿ ಸೀಲು ಯಾವಾಗ ಲೀಕ್ ಆಗುತ್ತೆ ಅಂತ ಹೇಳೋಕಾಗಲ್ಲ. ಚಾಸಿ, ಅಂದ್ರೆ ಗಾಡಿಯ ಅಡಿ ಚೌಕಟ್ಟಿನ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡ್ ಇಡಿ, ಉಳಿದ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಸಿಮೆಂಟ್ ಇಟ್ಟಿಗೆ, ಹಾಲೋ ಬ್ಲಾಕ್ ಮೇಲೆ ನಿಲ್ಲಿಸ್ಬೇಡಿ, ಅದು ಮುರಿಯೋವಾಗ ಸುಳಿವೇ ಕೊಡಲ್ಲ.

ಈಗ ಬಾಡಿ ವಿಷಯಕ್ಕೆ ಬರೋಣ, ಕೆಲಸ ಜಾಸ್ತಿ ಇರೋದು ಇಲ್ಲೇ. ಟೊಮೆಟೊ ರಸ ಹುಳಿ, ಅದರ ಪಿಎಚ್ ಸುಮಾರು 4.5ರ ಆಸುಪಾಸು. ಕ್ರೇಟಲ್ಲಿ ಕೆಳಗಿನ ಹಣ್ಣು ಒಡೆದು ಆ ನೀರು ಶೀಟಿನ ಮೇಲೆ ಹರಿದು ಸಂದಿಗೆ ಇಳಿಯುತ್ತೆ, ಸಂದಿಯಿಂದ ಶೀಟಿನ ಕೆಳಗಿನ ಅಡ್ಡ ಕಂಬಿ (ಕ್ರಾಸ್ ಮೆಂಬರ್) ಮೇಲೆ ಕೂತ್ಕೊಳ್ಳುತ್ತೆ, ಅಲ್ಲಿ ಮಣ್ಣು ಸೇರಿ ಗಟ್ಟಿಯಾದ್ರೆ ಒಣಗೋದೇ ಇಲ್ಲ, ಒಳಗಿಂದ ತಿಂತಾ ಹೋಗುತ್ತೆ. ಸೀಸನ್ ಟೈಮಲ್ಲಿ ಯಾರಿಗೂ ತೊಳೆಯೋಕೆ ಪುರುಸೊತ್ತಿರಲ್ಲ, 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದಾಗಂತೂ ಗಾಡಿಗಳು ರಾತ್ರಿ ಹಗಲು ಓಡಿದ್ವು, ಇಳಿಸಿದ ತಕ್ಷಣ ಮತ್ತೆ ತುಂಬ್ಸೋದೇ. ಅದರ ಮೇಲೆ ಕೆಲವರು ಶೀಟ್ ಹಾಳಾಗಬಾರದು ಅಂತ ರಬ್ಬರ್ ಮ್ಯಾಟ್ ಹಾಸ್ತಾರೆ, ಉದ್ದೇಶ ಒಳ್ಳೇದೇ, ಆದ್ರೆ ಮ್ಯಾಟ್ ಕೆಳಗೆ ನೀರು ನಿಂತು ಶೀಟು ಇನ್ನೂ ಬೇಗ ತೂತಾಗುತ್ತೆ. ನಮ್ಮ ಗಾಡಿಲೂ ಅದೇ ಆಗಿತ್ತು, ಮ್ಯಾಟ್ ಎತ್ತಿದ್ರೆ ಕೆಳಗೆ ನೆಲ ಕಾಣಿಸ್ತಿತ್ತು.

ಮಾಡ್ಬೇಕಾದ್ದು ಇಷ್ಟು. ಮ್ಯಾಟು, ಪ್ಲೈವುಡ್ ಏನೇ ಇದ್ರೂ ಎತ್ತಿ ಆಚೆ ಹಾಕಿ, ಪ್ರೆಶರ್ ನೀರಲ್ಲಿ ಮೇಲೆ ಕೆಳಗೆ ಎರಡೂ ಕಡೆ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ. ಆಮೇಲೆ ಚಿಕ್ಕ ಸುತ್ತಿಗೆ ತಗೊಂಡು ಕೆಳಗಿಂದ ಒಂದೊಂದು ಇಂಚೂ ತಟ್ಟಿ ನೋಡಿ. ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ಕೊಳೆತಿರೋ ಕಡೆ ಡಬ್ ಅಂದು ಪದರ ಪದರ ಉದುರುತ್ತೆ. ಚಾಕ್‌ಪೀಸಲ್ಲಿ ಮಾರ್ಕ್ ಮಾಡ್ಕೊಳ್ಳಿ. ಮೇಲ್ಮೇಲೆ ತುಕ್ಕು ಹಿಡಿದಿರೋದನ್ನ ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ಉಜ್ಜಿದ್ರೆ ಸಾಕು, ಕನ್ನಡಕ ಮಾತ್ರ ಹಾಕ್ಕೊಳ್ಳಿ, ಆ ತಂತಿ ಕಿತ್ಕೊಂಡು ಕಣ್ಣಿಗೇ ಬರುತ್ತೆ. ತೂತಾಗಿರೋ ಜಾಗಾನ ತೇಪೆ ಹಾಕಿ ಮುಚ್ಚೋದಲ್ಲ, ಗಟ್ಟಿ ಕಬ್ಬಿಣ ಸಿಗೋವರೆಗೂ ಕತ್ತರಿಸಿ ತೆಗೀಬೇಕು. ಹೊಸ ಪೀಸಿಗೆ 16 ಗೇಜ್ ಎಂಎಸ್ (ಸಾದಾ ಕಬ್ಬಿಣದ) ಶೀಟು ಸಾಕು. ಚೆಕರ್ ಪ್ಲೇಟ್ ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಬಾಡಿ ಪೂರ್ತಿ ಅದನ್ನೇ ಹಾಕಿದ್ರೆ ಸುಮ್ನೆ ತೂಕ, ಅಷ್ಟು ಲೋಡು ಕಮ್ಮಿ ಆದಂಗೆ. ಸತು ಲೇಪ ಇರೋ ಜಿಐ ಶೀಟು ತುಕ್ಕು ಹಿಡಿಯಲ್ಲ ಅಂತ ಅದನ್ನೇ ತಂದು ವೆಲ್ಡ್ ಮಾಡೋಕೆ ಹೋಗ್ಬೇಡಿ, ಸತು ಸುಟ್ಟ ಆ ಬಿಳಿ ಹೊಗೆ ಕುಡಿದ್ರೆ ಸಂಜೆಗೆ ಚಳಿಜ್ವರ ಬರುತ್ತೆ.

ವೆಲ್ಡಿಂಗ್ ನಿಮಗೆ ಬರದಿದ್ರೆ ವೆಲ್ಡರ್‌ನ ಮನೆಗೇ ಕರೆಸಿ, ಆದ್ರೆ ಬ್ಯಾಟರಿ ಎರಡೂ ಟರ್ಮಿನಲ್ ನೀವೇ ಬಿಚ್ಚಿ, ಬ್ಯಾಟರಿ ಚಾರ್ಜ್ ಮಾಡೋ ಡೈನಮೋದ ವೈರ್ ಕಪ್ಲರ್ ಕೂಡ ತೆಗೀರಿ, ಇಲ್ಲಾಂದ್ರೆ ಡಯೋಡ್ ಸುಟ್ಟು ಆ ಖರ್ಚು ಬೇರೆ. ಡೀಸೆಲ್ ಟ್ಯಾಂಕ್ ಹತ್ರ ಕೆಲಸ ಇದ್ರೆ ಟ್ಯಾಂಕ್ ಇಳಿಸಿಯೇ ಮಾಡ್ಬೇಕು. ಚಾಸಿಯಲ್ಲೇ ಕ್ರ್ಯಾಕ್ ಕಂಡ್ರೆ ಮನೇಲಿ ಮುಟ್ಟಬೇಡಿ, ಚಾಸಿ ಕೆಲಸ ಗೊತ್ತಿರೋರ ಹತ್ರ ಹೋಗಿ, ಸುಮ್ನೆ ಒಂದು ಗೆರೆ ವೆಲ್ಡ್ ಎಳೆದ್ರೆ ಅದರ ಪಕ್ಕದಲ್ಲೇ ಮತ್ತೆ ಬಿಡುತ್ತೆ. ವೆಲ್ಡ್ ಆದ್ಮೇಲೆ ಉಳಿದ ತುಕ್ಕಿಗೆ ಹಚ್ಚೋ ರಸ್ಟ್ ಕನ್ವರ್ಟರ್, ಅದು ಒಣಗಿದ್ಮೇಲೆ ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟು, ಆಮೇಲೆ ಪೇಂಟು. ಶೀಟು ಕೂಡೋ ಸಂದಿಗೆಲ್ಲ ಪ್ರೈಮರ್ ಆದ್ಮೇಲೆ ಸೀಲೆಂಟ್ ತುಂಬ್ಸಿ, ನೀರು ಇಳಿಯೋ ದಾರೀನೇ ಅದು. ಮೂಲೆಗಳಲ್ಲಿ ಕಂಪನಿ ಕೊಟ್ಟಿರೋ ನೀರು ಹೋಗೋ ತೂತು ಮಾತ್ರ ಮುಚ್ಚಬೇಡಿ.

ಇನ್ನು ರೇಡಿಯೇಟರ್. ನಮ್ಮ ಜಿಲ್ಲೇಲಿ ಸಾವಿರ ಅಡಿ ದಾಟಿದ ಬೋರು ಎಷ್ಟೋ ಇವೆ, ಆ ನೀರು ಕಾಯಿಸಿದ ಪಾತ್ರೆ ತಳ ನೋಡಿ, ಬಿಳಿ ಹಕ್ಕಳೆ ಕಟ್ಟಿರುತ್ತೆ. ಅದೇ ಹಕ್ಕಳೆ ರೇಡಿಯೇಟರ್ ಟ್ಯೂಬಲ್ಲೂ ಇಂಜಿನ್ ಬ್ಲಾಕ್ ಒಳಗೂ ಕಟ್ಟುತ್ತೆ, ಶಾಖ ಆಚೆ ಬರೋಕೆ ಆಗಲ್ಲ, ಲೋಡ್ ಹಾಕಿ ಏರು ಹತ್ತಿದ್ರೆ ಹೀಟ್ ಆಗುತ್ತೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಎಲ್ಲರೂ ಇಂಜಿನ್ ಹೆಡ್ ಇಳಿಸಿದ್ದಕ್ಕೆ ಇಷ್ಟು ಖರ್ಚಾಯ್ತು ಅಂತ ಬೇಜಾರು ಮಾಡ್ಕೊಳ್ತಾರೆ, ಶುರುವಾಗಿದ್ದು ಹೊಲದ ಪೈಪಿಂದ ಹಿಡಿದ ನೀರಲ್ಲಿ.

ಇಂಜಿನ್ ಪೂರ್ತಿ ತಣ್ಣಗಿರೋವಾಗ ಕ್ಯಾಪ್ ತೆಗೆದು ಕೆಳಗಿನ ಹೋಸ್ ಬಿಚ್ಚಿ ನೀರು ಬಸೀರಿ. ಬೆಲ್ಲದ ಪಾಕದಂಗೆ ಕೆಂಪಗೆ ಬಂದ್ರೆ ತುಕ್ಕು, ಮೇಲೆ ಎಣ್ಣೆ ತೇಲಿದ್ರೆ ಅದು ಬೇರೆ ವಿಷಯ, ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಹಳೇ ಕಾಲದ ತಾಮ್ರ ಹಿತ್ತಾಳೆ ರೇಡಿಯೇಟರ್ ಆದ್ರೆ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಕೊಡೋದೇ ವಾಸಿ, ಅವರು ಟ್ಯಾಂಕ್ ಬಿಚ್ಚಿ ಟ್ಯೂಬ್ ಒಳಗೆ ಪಟ್ಟಿ ಹಾಕಿ ಕ್ಲೀನ್ ಮಾಡಿ ಮತ್ತೆ ಬೆಸುಗೆ ಹಾಕಿ ಕೊಡ್ತಾರೆ. ಅಂಗಡಿಲಿ ಸಿಗೋ ಫ್ಲಶ್ ಲಿಕ್ವಿಡ್ ಸ್ವಲ್ಪ ಕಟ್ಟಿರೋದಕ್ಕೆ ಕೆಲಸ ಮಾಡುತ್ತೆ, ಪೂರ್ತಿ ಮುಚ್ಚಿರೋ ಟ್ಯೂಬ್ ಬಿಡಿಸಲ್ಲ. ಬಾತ್‌ರೂಮ್ ತೊಳೆಯೋ ಆಸಿಡ್ ಹಾಕೋರನ್ನ ನೋಡಿದೀನಿ, ದಯವಿಟ್ಟು ಹಾಕ್ಬೇಡಿ, ಹಕ್ಕಳೆ ಜೊತೆಗೆ ಲೋಹಾನೂ ತಿನ್ನುತ್ತೆ.

ಇಂಜಿನ್ ಬಿಸಿಯಾಗೋವರೆಗೂ ರೇಡಿಯೇಟರ್ ಕಡೆ ನೀರು ಬಿಡದ ಕವಾಟವೇ ಥರ್ಮೋಸ್ಟಾಟ್. ನಮ್ಮ ಗಾಡೀಲಿ ಅದರ ಹೌಸಿಂಗ್ ಬಿಚ್ಚಿದಾಗ ಒಳಗೆ ಅದೇ ಇರಲಿಲ್ಲ. ಯಾವಾಗಲೋ ಹೀಟ್ ಆಗ್ತಿದೆ ಅಂತ ಕೊಟ್ಟಿದ್ದ ಗ್ಯಾರೇಜಲ್ಲಿ ತೆಗೆದು ಬಿಸಾಕಿದ್ರು, ನಮಗೆ ಹೇಳಿರಲೂ ಇಲ್ಲ. ಇದು ನನಗೆ ಈಗಲೂ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಥರ್ಮೋಸ್ಟಾಟ್ ಇಲ್ಲದ ಡೀಸೆಲ್ ಇಂಜಿನ್ ಸರಿಯಾದ ಬಿಸಿಗೆ ಬರೋದೇ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಬೇಗ ಸವೆಯುತ್ತೆ. ಹೀಟ್ ಆಗೋ ಕಾರಣ ಹುಡುಕಬೇಕೇ ಹೊರತು ಅದನ್ನ ಕಿತ್ತು ಹಾಕೋದು ರಿಪೇರಿ ಅಲ್ಲ. ನಿಮ್ಮದರಲ್ಲಿ ಇದ್ರೆ ಒಂದು ಪಾತ್ರೆ ನೀರಲ್ಲಿ ದಾರ ಕಟ್ಟಿ ಬಿಟ್ಟು ಕಾಯಿಸಿ ನೋಡಿ, ಕುದಿ ಬರೋಕೆ ಮುಂಚೆನೇ ಬಾಯಿ ತೆರೀಬೇಕು, ತಣ್ಣಗಾದ್ಮೇಲೆ ಮುಚ್ಕೋಬೇಕು.

ಮತ್ತೆ ತುಂಬ್ಸೋವಾಗ ಕೂಲಂಟ್ ಅರ್ಧ, ಡಿಸ್ಟಿಲ್ ವಾಟರ್ ಅರ್ಧ. ರೆಡಿ ಮಿಕ್ಸ್ ತಂದಿದ್ರೆ ಅದಕ್ಕೆ ಏನೂ ಸೇರಿಸೋದು ಬೇಡ. ದಾರೀಲಿ ಕಮ್ಮಿ ಆಗಿ ಏನೂ ಸಿಗಲಿಲ್ಲ ಅಂದ್ರೆ ಊರಲ್ಲಿರೋ ಶುದ್ಧ ನೀರಿನ ಘಟಕದ ಆರ್‌ಒ ನೀರು ಒಂದೆರಡು ಲೀಟರ್ ಹಾಕಿ ಮನೆ ಸೇರಿ, ಬೋರ್ ನೀರಿಗಿಂತ ಎಷ್ಟೋ ವಾಸಿ. ಹೋಸ್ ಪೈಪು ಹಿಂಡಿ ನೋಡಿ, ಮೆತ್ತಗಾಗಿದ್ರೂ ಬಿರುಕು ಬಿಟ್ಟಿದ್ರೂ ಬದಲಾಯಿಸಿ, ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ರೆ ಕ್ಯಾಪೂ ಹೊಸದು ಹಾಕಿ.

ವರ್ಷಗಟ್ಟಲೆ ನಿಂತ ಗಾಡಿನ ತಕ್ಷಣ ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡೋ ಆಸೆ ಎಲ್ಲರಿಗೂ ಇರುತ್ತೆ, ತಡ್ಕೊಳ್ಳಿ. ಹಳೇ ಡೀಸೆಲ್ ಪೂರ್ತಿ ಬಸೀರಿ, ಟ್ಯಾಂಕ್ ತಳದಲ್ಲಿ ನೀರೂ ಕೆಸರೂ ಇರುತ್ತೆ, ಅದು ಪಂಪ್‌ಗೆ ಹೋದ್ರೆ ಪಂಪ್ ಕೆಲಸಕ್ಕೆ ಆಗೋ ಖರ್ಚಲ್ಲಿ ಬಾಡಿ ಕೆಲಸವೇ ಮುಗಿಯುತ್ತೆ. ಡೀಸೆಲ್ ಫಿಲ್ಟರ್, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಹೊಸದು ಹಾಕಿ, ಏರ್ ಫಿಲ್ಟರ್ ಡಬ್ಬದಲ್ಲಿ ಇಲಿ ಗೂಡು ಇದೆಯಾ ನೋಡಿ, ನಮ್ಮದರಲ್ಲಿ ಇತ್ತು. ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಜಾಮ್ ಆಗಿಲ್ಲ ಅಂತ ಗೊತ್ತಾದ್ಮೇಲೆ ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತಿ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೂ ಏರ್ ತೆಗೀರಿ. ಆಮೇಲೆ ಡೀಸೆಲ್ ಪಂಪಿನ ಸ್ಟಾಪ್ ಲಿವರ್ ಹಿಡ್ಕೊಂಡು, ಅಂದ್ರೆ ಇಂಜಿನ್ ಹತ್ತದಂಗೆ, ಸೆಲ್ಫ್ ಹೊಡೀರಿ, ಸ್ವಲ್ಪ ಸ್ವಲ್ಪ ಹೊಡೆದು ಬಿಡ್ತಾ ಆಯಿಲ್ ಲೈಟ್ ಆರೋವರೆಗೂ. ಆಮೇಲೆ ಸ್ಟಾರ್ಟ್ ಮಾಡಿ. ಮೊದಲು ಸ್ವಲ್ಪ ಬಿಳಿ ಹೊಗೆ ಬರುತ್ತೆ, ಬಿಸಿಯಾದ್ಮೇಲೆ ನಿಲ್ಲಬೇಕು. ನೀಲಿ ಹೊಗೆ ನಿಲ್ಲದೇ ಬಂದ್ರೆ ಆಯಿಲ್ ಸುಡ್ತಿದೆ, ಕಪ್ಪು ಹೊಗೆ ಬಂದ್ರೆ ಏರ್ ಫಿಲ್ಟರ್, ನಾಜಲ್ ನೋಡಿಸಿ.

ಬ್ರೇಕು. ನಿಂತ ಗಾಡಿಲಿ ಬ್ರೇಕ್ ಶೂ ತಳ್ಳೋ ವೀಲ್ ಸಿಲಿಂಡರ್ ಹಿಡ್ಕೊಂಡಿರುತ್ತೆ ಅಂತಾನೇ ಅಂದ್ಕೊಳ್ಳಿ. ಡ್ರಮ್ ಬಿಚ್ಚಿ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಸಿಲಿಂಡರೇ ಹೊಸದು ಹಾಕಿ, ಬರೀ ರಬ್ಬರ್ ಕಿಟ್ ಹಾಕಿದ್ರೆ ಒಳಗೆ ಗೀಚು ಬಿದ್ದಿರೋದ್ರಿಂದ ಮತ್ತೆ ಲೀಕ್ ಆಗುತ್ತೆ. ಬ್ರೇಕಿನ ರಬ್ಬರ್ ಪಾರ್ಟನ್ನ ಡೀಸೆಲ್ಲಲ್ಲಿ ಪೆಟ್ರೋಲಲ್ಲಿ ತೊಳೀಬೇಡಿ, ಊದ್ಕೊಂಡು ಬ್ರೇಕ್ ಹಿಡಿದುಬಿಡುತ್ತೆ, ಬ್ರೇಕ್ ಆಯಿಲಲ್ಲೇ ತೊಳೀರಿ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳ್ಕೊಳ್ಳುತ್ತೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸ್ಬೇಕು, ಓಪನ್ ಮಾಡಿ ಶೆಲ್ಫಲ್ಲಿಟ್ಟ ಹಳೇ ಡಬ್ಬ ಬಳಸ್ಬೇಡಿ. ಏರ್ ತೆಗೆಯೋಕೆ ಇಬ್ಬರು ಬೇಕು, ಮಾಸ್ಟರ್ ಸಿಲಿಂಡರಿಂದ ದೂರ ಇರೋ ಚಕ್ರ, ಅಂದ್ರೆ ಹಿಂದಿನ ಎಡಗಡೆಯಿಂದ ಶುರು ಮಾಡಿ. ಒಳಗೆ ಕೂತ ತಮ್ಮನಿಗೆ ನಾನು ಹೇಳ್ತಿದ್ದಿದ್ದು ಎರಡೇ ಮಾತು, "ಒತ್ತು ಹಿಡ್ಕೋ", "ಬಿಡೋ ಈಗ". ಅವನು ಪೆಡಲ್ ಒತ್ತಿ ಹಿಡಿದಾಗ ನಾನು ಚಕ್ರದ ಹತ್ರ ಗಾಳಿ ಬಿಡೋ ನಿಪ್ಪಲ್ ಸಡಿಲ ಮಾಡಿ ಮತ್ತೆ ಟೈಟ್ ಮಾಡ್ತಿದ್ದೆ. ಅದು ಟೈಟ್ ಆಗೋಕೆ ಮುಂಚೆ ಪೆಡಲ್ ಬಿಟ್ರೆ ಗಾಳಿ ವಾಪಸ್ ಒಳಗೆ ಹೋಗುತ್ತೆ, ಮೊದಲಿಂದ ಮಾಡ್ಬೇಕಾಗುತ್ತೆ. ನಡುವೆ ಮಾಸ್ಟರ್ ಸಿಲಿಂಡರ್ ಡಬ್ಬದಲ್ಲಿ ಬ್ರೇಕ್ ಆಯಿಲ್ ಖಾಲಿ ಆಗದಂಗೂ ನೋಡ್ಕೊಳ್ಳಿ.

ಕಮಾನ್ ಪಟ್ಟೆಲಿ ಮೇನ್ ಪಟ್ಟೆ ಕ್ರ್ಯಾಕ್, ಸೆಂಟರ್ ಬೋಲ್ಟ್, ಬುಷ್ ನೋಡಿ, ಬಿಚ್ಚಿದ್ರೆ ಯು ಬೋಲ್ಟ್ ಹೊಸದೇ ಹಾಕಿ. ಗ್ರೀಸ್ ನಿಪ್ಪಲ್ ಇರೋ ಕಡೆಯೆಲ್ಲ ಹಳೇ ಗ್ರೀಸ್ ಆಚೆ ಬರೋವರೆಗೂ ಗನ್ ಒತ್ತಿ. ವೈರಿಂಗಲ್ಲಿ ಮುಕ್ಕಾಲು ತೊಂದರೆ ಅರ್ಥಿಂಗ್ದು, ಬ್ಯಾಟರಿಯಿಂದ ಚಾಸಿಗೂ ಇಂಜಿನಿಗೂ ಹೋಗೋ ಪಟ್ಟಿ ಬಿಚ್ಚಿ ಎಮರಿ ಪೇಪರಲ್ಲಿ ಉಜ್ಜಿ ಟೈಟ್ ಮಾಡಿ. ಗಾಡಿ ಓಡ್ತಿರೋವಾಗ ಬ್ಯಾಟರಿ ಮೇಲೆ ಮೀಟರ್ ಇಟ್ರೆ 13.8ರಿಂದ 14.4 ವೋಲ್ಟ್ ಬರಬೇಕು, ಕಮ್ಮಿ ಇದ್ರೆ ಮೊದಲು ಬೆಲ್ಟ್, ಆಮೇಲೆ ಡೈನಮೋ.

ಪೇಂಟ್ ಹೊಡೆಯೋಕೆ ಮುಂಚೆ ಚಾಸಿ ನಂಬರ್ ಎಲ್ಲಿ ಹೊಡೆದಿದೆ ಅಂತ ಹುಡುಕಿ, ಅದರ ಮೇಲೆ ಗ್ರೈಂಡರ್ ಇಡಬೇಡಿ, ಮೆಲ್ಲಗೆ ಕೈ ಬ್ರಷ್ಷಲ್ಲಿ ಕ್ಲೀನ್ ಮಾಡಿ ತೆಳ್ಳಗೆ ಗ್ರೀಸ್ ಸವರಿ ಟೇಪ್ ಅಂಟಿಸಿ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ಆದ್ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಗ ಪೆನ್ಸಿಲಲ್ಲಿ ತೆಗೆಯೋ ಚಾಸಿ ಪ್ರಿಂಟ್ ಸರಿಯಾಗಿ ಬರದಿದ್ರೆ ನೀವು ಮಾಡಿದ ಕೆಲಸ ಎಲ್ಲ ಆರ್‌ಟಿಒ ಗೇಟ್ ಹತ್ರಾನೇ ನಿಲ್ಲುತ್ತೆ. ಕಲರ್ ಬದಲಾಯಿಸೋದಾದ್ರೆ, ಬೇರೆ ಇಂಜಿನ್ ಕೂರಿಸೋದಾದ್ರೆ ಆರ್‌ಸಿಲಿ ಎಂಟ್ರಿ ಆಗಲೇಬೇಕು.

ಮೊದಲ ಸಲ ಖಾಲಿ ಗಾಡೀಲಿ ಮುಳಬಾಗಿಲು ಕಡೆಗೋ ಬಂಗಾರಪೇಟೆ ಕಡೆಗೋ ಒಂದು ರೌಂಡ್ ಹೋಗಿ ಬನ್ನಿ, ವಾಪಸ್ ಬಂದು ನಾಲ್ಕೂ ಚಕ್ರದ ಹತ್ರ ಕೈ ತಂದು ನೋಡಿ, ಒಂದೇ ಒಂದು ಸುಡ್ತಿದ್ರೆ ಆ ಬ್ರೇಕ್ ಹಿಡಿದಿದೆ. ಇಂಜಿನ್ ತಣ್ಣಗಾದ್ಮೇಲೆ ಕೂಲಂಟ್ ಲೆವೆಲ್ ನೋಡಿ, ಒಳಗಿದ್ದ ಗಾಳಿ ಹೋಗಿ ಸ್ವಲ್ಪ ಇಳಿದಿರುತ್ತೆ, ತುಂಬ್ಸಿ. ನೂರು ಕಿಲೋಮೀಟರ್ ಒಳಗೆ ವೀಲ್ ನಟ್, 500 ಆದ್ಮೇಲೆ ಯು ಬೋಲ್ಟ್ ಮತ್ತೊಂದ್ಸಲ ಟೈಟ್ ಮಾಡಿ. ಲೋಡ್ ಶುರುವಾದ್ಮೇಲೆ ಮಂಡಿಯಿಂದ ಬಂದ ರಾತ್ರೀನೇ ಬಾಡಿ ಮೇಲೆ ನಾಲ್ಕು ಬಕೆಟ್ ನೀರು ಹಾಕಿ, ಹಿಂದಿನ ಬಾಗಿಲು ಬಿಚ್ಚಿಟ್ಟು, ಮುಂದಿನ ಚಕ್ರ ಸ್ವಲ್ಪ ಎತ್ತರದಲ್ಲಿರೋ ಹಂಗೆ ನಿಲ್ಲಿಸಿ, ನೀರು ಹರಿದು ಹೋಗಿ ಬೆಳಗ್ಗೆ ಬಿಸಿಲಿಗೆ ಒಣಗುತ್ತೆ.