ಮಾತ್ರೆ ಹಂಚಿದವನೂ ಮಾರಾಟಗಾರನೇ? ಅಮೆರಿಕದ ಫೆಂಟಾನಿಲ್ ಕಾನೂನು ಮತ್ತು ನಮ್ಮ ಮನೆಗಳು

2024ರ ನವೆಂಬರ್ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾದ ಮತದಾರರ ಮುಂದೆ 36ನೇ ಪ್ರಸ್ತಾವ ಬಂದಾಗ ನಮ್ಮ ಕನ್ನಡ ಕುಟುಂಬಗಳ ಊಟದ ಮಾತಿನಲ್ಲೂ ಅದೇ ವಿಷಯ. ಫೆಂಟಾನಿಲ್ ಮಾರುವವರಿಗೆ ಶಿಕ್ಷೆ ಹೆಚ್ಚಿಸಬೇಕೇ, ಬೇಡವೇ? ಬಹುತೇಕರು ಯೋಚಿಸಲು ನಿಲ್ಲಲೇ ಇಲ್ಲ. "ಅಂಥವರನ್ನು ಸಾಯುವವರೆಗೆ ಒಳಗಿಡಬೇಕು" ಎಂದರು. ಪ್ರಸ್ತಾವಕ್ಕೆ ಶೇ 68ರಷ್ಟು ಮತ ಬಿತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಬೆಳೆದ ಮಕ್ಕಳಿರುವ ಮನೆ ನಮ್ಮದೂ. ಆದರೆ 'ಮಾರುವವನು' ಎಂದಾಗ ನಮ್ಮ ಕಣ್ಣಿಗೆ ಕಟ್ಟುವ ಮುಖವೇ ಬೇರೆ, ಇಲ್ಲಿನ ಕಾನೂನು ಆ ಪದದೊಳಗೆ ಸೇರಿಸುವ ಮುಖಗಳೇ ಬೇರೆ. ಮತ ಹಾಕುವ ಪೌರತ್ವ ಇರಲಿ, ಎಚ್-1ಬಿ ವೀಸಾ ಇರಲಿ, ಈ ವ್ಯತ್ಯಾಸ ಇಲ್ಲಿರುವ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತಿರಬೇಕು.

ಮೊದಲು ವಸ್ತುವಿನ ಬಗ್ಗೆ ಎರಡು ಮಾತು. ಫೆಂಟಾನಿಲ್ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ, ಕ್ಯಾನ್ಸರಿನ ನೋವಿಗೆ ಬಳಸುವ ಔಷಧ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ತೀಕ್ಷ್ಣ. ಪೆನ್ಸಿಲ್ ಮೊನೆಯ ಮೇಲೆ ಕೂರುವಷ್ಟು, ಅಂದರೆ 2 ಮಿಲಿಗ್ರಾಂ, ಪ್ರಾಣ ತೆಗೆಯಬಲ್ಲದು. ಬೀದಿಗೆ ಬರುವುದು ಆಸ್ಪತ್ರೆಯ ಔಷಧವಲ್ಲ, ಕಳ್ಳತನದಲ್ಲಿ ತಯಾರಾದದ್ದು. ಅದು ಪುಡಿಯ ರೂಪದಲ್ಲಷ್ಟೇ ಬರುವುದಿಲ್ಲ. ತಿಳಿನೀಲಿ ಬಣ್ಣದ ಗುಂಡನೆಯ ಮಾತ್ರೆ, ಒಂದು ಬದಿಯಲ್ಲಿ ಚೌಕದೊಳಗೆ 'ಎಂ' ಅಕ್ಷರ, ಇನ್ನೊಂದು ಬದಿಯಲ್ಲಿ 30 ಎಂಬ ಅಂಕಿ: ನೋವಿನ ಮಾತ್ರೆ ಆಕ್ಸಿಕೊಡೋನ್‌ನ ಪಡಿಯಚ್ಚು. ಆತಂಕಕ್ಕೆ ನುಂಗುವ ಜಾನಾಕ್ಸ್, ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿರಲು ವಿದ್ಯಾರ್ಥಿಗಳು ಹುಡುಕುವ ಅಡೆರಾಲ್ ಇವುಗಳ ನಕಲಿಗಳೂ ಇವೆ. ಮಾದಕ ವಸ್ತು ನಿಗ್ರಹ ಸಂಸ್ಥೆ ಡಿಇಎ 2023ರಲ್ಲಿ ಪರೀಕ್ಷಿಸಿದ ಫೆಂಟಾನಿಲ್ ಮಾತ್ರೆಗಳಲ್ಲಿ ಹತ್ತಕ್ಕೆ ಏಳರಲ್ಲಿ ಸಾವು ತರಬಲ್ಲಷ್ಟು ಪ್ರಮಾಣವಿತ್ತು. 2022ರಲ್ಲಿ ಅಮೆರಿಕದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರು ಸುಮಾರು 1 ಲಕ್ಷ 8 ಸಾವಿರ. 2024ರಲ್ಲಿ ಆ ಸಂಖ್ಯೆ 80 ಸಾವಿರದ ಆಸುಪಾಸಿಗೆ ಇಳಿಯಿತು. ಇಳಿದದ್ದು ನಿಜ, ಆದರೂ ಇದು ಒಂದು ಪಟ್ಟಣದ ಜನಸಂಖ್ಯೆ.

ಈಗ ಕಾನೂನು. ನಮ್ಮ ದೇಶದಲ್ಲಿ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಎಲ್ಲ ರಾಜ್ಯಗಳಿಗೂ ಒಂದೇ. ಇಲ್ಲಿ ಹಾಗಲ್ಲ. ಒಕ್ಕೂಟ ಸರ್ಕಾರದ ಕಾನೂನು ಒಂದು, ಪ್ರತಿ ರಾಜ್ಯಕ್ಕೂ ಅದರದೇ ಮತ್ತೊಂದು. ಒಂದೇ ಕೃತ್ಯಕ್ಕೆ ಇವೆರಡರಲ್ಲಿ ಯಾವ ಸರ್ಕಾರ ಬೇಕಾದರೂ ಮೊಕದ್ದಮೆ ಹೂಡಬಹುದು. ಒಕ್ಕೂಟ ಕಾನೂನಿನಲ್ಲಿ ಫೆಂಟಾನಿಲ್ ಸೇರಿದ ಮಿಶ್ರಣ 40 ಗ್ರಾಂ ದಾಟಿದರೆ ಕನಿಷ್ಠ 5 ವರ್ಷ, 400 ಗ್ರಾಂ ದಾಟಿದರೆ ಕನಿಷ್ಠ 10 ವರ್ಷ ಸೆರೆ. ಇಲ್ಲಿ 'ಮಿಶ್ರಣ' ಎಂಬ ಪದವನ್ನು ಗಮನಿಸಿ. ಮಾತ್ರೆಯೊಳಗಿನ ಫೆಂಟಾನಿಲ್ ಅನ್ನು ಮಾತ್ರ ತೂಗುವುದಿಲ್ಲ, ಅದರೊಂದಿಗೆ ಬೆರೆಸಿದ ಹಿಟ್ಟು, ಬಣ್ಣ ಎಲ್ಲವೂ ತಕ್ಕಡಿಗೆ ಬೀಳುತ್ತವೆ. 2025ರ ಜುಲೈನಲ್ಲಿ ಸಹಿಯಾದ ಹಾಲ್ಟ್ ಫೆಂಟಾನಿಲ್ ಕಾಯ್ದೆ, ಫೆಂಟಾನಿಲ್‌ಗೆ ಹತ್ತಿರದ ರಚನೆಯ ರಾಸಾಯನಿಕಗಳನ್ನೂ ಕಾಯಂ ಆಗಿ ಅತಿ ಕಠಿಣ ಪಟ್ಟಿಗೆ ಸೇರಿಸಿತು. ಅವುಗಳಿಗೆ 100 ಗ್ರಾಂ ಸಾಕು, 10 ವರ್ಷ.

ಅದಕ್ಕಿಂತ ಭಾರವಾದ ನಿಯಮ ಇನ್ನೊಂದಿದೆ. ಕೊಟ್ಟ ವಸ್ತುವಿನಿಂದ ಯಾರಾದರೂ ಸತ್ತರೆ ತೂಕ ಎಷ್ಟೇ ಇರಲಿ, ಕನಿಷ್ಠ 20 ವರ್ಷ. ನ್ಯಾಯಾಧೀಶರಿಗೆ ಕರುಣೆ ಬಂದರೂ ತಾವಾಗಿ ಅದಕ್ಕಿಂತ ಇಳಿಸಲಾರರು. ಇದರ ಕಥೆ 1986ಕ್ಕೆ ಹೋಗುತ್ತದೆ. ಲೆನ್ ಬಯಸ್ ಎಂಬ 22 ವರ್ಷದ ಬಾಸ್ಕೆಟ್‌ಬಾಲ್ ಆಟಗಾರನನ್ನು ಬಾಸ್ಟನ್ ಸೆಲ್ಟಿಕ್ಸ್ ತಂಡ ಆರಿಸಿಕೊಂಡ ಎರಡೇ ದಿನಕ್ಕೆ ಆತ ಕೊಕೇನ್‌ನಿಂದ ಸತ್ತ. ದೇಶವೇ ಕಣ್ಣೀರಿಟ್ಟಿತು, ಕೆಲವೇ ತಿಂಗಳಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಕಡ್ಡಾಯ ಶಿಕ್ಷೆಗಳ ಕಾಯ್ದೆ ಮಾಡಿತು. ಅದೇ ಕಾಯ್ದೆಯಲ್ಲಿ ಹರಳಿನ ರೂಪದ, ಸೇದುವ ಕ್ರ್ಯಾಕ್ ಕೊಕೇನ್‌ಗೆ ಪುಡಿ ಕೊಕೇನ್‌ಗಿಂತ ನೂರು ಪಟ್ಟು ಕಠಿಣ ಅಳತೆ ಇಟ್ಟರು. ಅದರ ಹೊಡೆತ ಕಪ್ಪು ಜನರ ಕೇರಿಗಳಿಗೆ ಬಿತ್ತು. ಆ ಅಳತೆಯನ್ನು ಹದಿನೆಂಟು ಪಟ್ಟಿಗೆ ಇಳಿಸಲು 2010ರವರೆಗೆ ಕಾಯಬೇಕಾಯಿತು. ಶೋಕದಲ್ಲಿ ಬರೆದ ಕಾನೂನನ್ನು ತಿದ್ದಲು 24 ವರ್ಷ! ಈಗ ಅದೇ ಶೋಕದಲ್ಲಿ ಮತ್ತೆ ಕಾನೂನು ಬರೆಯುತ್ತಿರುವಾಗ ಇದನ್ನು ನೆನಪಿಡಬೇಕು.

'ಕೊಟ್ಟ' ಎಂದೆ, 'ಮಾರಿದ' ಎನ್ನಲಿಲ್ಲ. ಒಕ್ಕೂಟ ಕಾನೂನಿಗೆ ದುಡ್ಡಿನ ವ್ಯವಹಾರ ಬೇಕಿಲ್ಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಿದರೆ ಅದು ವಿತರಣೆ. ಇಬ್ಬರು ಕೋಣೆವಾಸಿಗಳನ್ನು ಊಹಿಸಿಕೊಳ್ಳಿ. ಒಬ್ಬ ಮೊಬೈಲ್ ಆ್ಯಪ್‌ನಲ್ಲಿ ಯಾರನ್ನೋ ಹಿಡಿದು ಎರಡು ಮಾತ್ರೆ ತರಿಸುತ್ತಾನೆ, ಒಂದನ್ನು ಗೆಳೆಯನಿಗೆ ಕೊಡುತ್ತಾನೆ. ಬೆಳಗಾಗುವಾಗ ಗೆಳೆಯ ಏಳುವುದಿಲ್ಲ. ಇಪ್ಪತ್ತು ವರ್ಷದ ಆ ನಿಯಮ ಈ ಹುಡುಗನ ಬಾಗಿಲಿಗೂ ಬರಬಹುದು. 2014ರ ಬರೇಜ್ ಪ್ರಕರಣದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಮಿತಿ ಹಾಕಿದೆ: ಸತ್ತವನ ದೇಹದಲ್ಲಿ ಹಲವು ವಸ್ತುಗಳಿದ್ದಾಗ, ಇವನು ಕೊಟ್ಟದ್ದು ಇಲ್ಲದಿದ್ದರೆ ಸಾವು ಆಗುತ್ತಿರಲಿಲ್ಲ ಎಂದು ಸಾಬೀತಾಗಬೇಕು. ಫೆಂಟಾನಿಲ್ ಒಂದೇ ಸಾಕಾಗುವಾಗ ಆ ಮಿತಿ ಹೆಚ್ಚು ಕಾಪಾಡುವುದಿಲ್ಲ.

ರಾಜ್ಯಗಳ ದಾರಿ ಬೇರೆ ಬೇರೆ. ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್ 1ರಿಂದ, ಫೆಂಟಾನಿಲ್ ಕೊಟ್ಟು ಸಾವಾದರೆ ಕೊಲೆ ಆರೋಪವನ್ನೇ ಹೊರಿಸಬಹುದು. ಮರಣ ಪ್ರಮಾಣಪತ್ರದಲ್ಲೂ 'ಫೆಂಟಾನಿಲ್ ವಿಷಪ್ರಾಶನ' ಎಂದು ಬರೆಯುತ್ತಾರೆ. ಮಕ್ಕಳನ್ನು ಕಳೆದುಕೊಂಡವರು ಒತ್ತಿ ಕೇಳಿದ ಮಾತದು, ತಮ್ಮ ಮಗು ಚಟಕ್ಕೆ ಬಲಿಯಾಗಲಿಲ್ಲ, ವಿಷ ಉಣ್ಣಿಸಿ ಕೊಂದರು ಎಂದು. ಕ್ಯಾಲಿಫೋರ್ನಿಯಾದ 36ನೇ ಪ್ರಸ್ತಾವ ಮತ್ತೊಂದು ಬಗೆ. ಮಾದಕ ವಸ್ತು ಮಾರಿ ಶಿಕ್ಷೆಗೊಳಗಾದವನಿಗೆ ನ್ಯಾಯಾಧೀಶರು "ಮುಂದೆ ನೀನು ಕೊಟ್ಟದ್ದರಿಂದ ಯಾರಾದರೂ ಸತ್ತರೆ ಕೊಲೆ ಆರೋಪ ಬರಬಹುದು" ಎಂದು ಎಚ್ಚರಿಸುತ್ತಾರೆ. ಎಚ್ಚರಿಕೆ ಕೇಳಿಯೂ ಮಾರಿದನೆಂದರೆ ಆ ದಾಖಲೆಯೇ ಸಾಕ್ಷಿ. ಕುಡಿದು ವಾಹನ ಓಡಿಸುವವರಿಗೆ ಅಲ್ಲಿ ಹಿಂದಿನಿಂದಲೂ ಇರುವ ಪದ್ಧತಿ ಇದು, ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆರೆಗನ್ 2020ರಲ್ಲಿ ಸ್ವಂತ ಬಳಕೆಗೆ ಇಟ್ಟುಕೊಳ್ಳುವುದನ್ನು ಅಪರಾಧದ ಪಟ್ಟಿಯಿಂದ ತೆಗೆದಿತ್ತು, 2024ರಲ್ಲಿ ಮತ್ತೆ ಸೇರಿಸಿತು.

ಶಿಕ್ಷೆ ಹೆಚ್ಚಿಸಿದರೆ ಸಾವು ಕಡಿಮೆಯಾಗುತ್ತದೆಯೇ? ಸತ್ತ ಮಗುವಿನ ಫೋಟೊ ಎದೆಗೊತ್ತಿಕೊಂಡು ಶಾಲೆಯ ಸಭಾಂಗಣದಲ್ಲಿ ಮಾತನಾಡಿದ ತಾಯಿಯೊಬ್ಬರನ್ನು ನಾನು ಕೇಳಿದ್ದೇನೆ. ಫೋಟೊದ ಚೌಕಟ್ಟಿನ ಅಂಚು ಹಿಡಿದು ಹಿಡಿದು ಸವೆದಿತ್ತು. ಅವರೆದುರು ಅಂಕಿ ಅಂಶ ಹಿಡಿಯುವ ಧೈರ್ಯ ನನಗಿಲ್ಲ. ಆದರೂ ಮತ ಹಾಕುವಾಗ ಅಂಕಿ ಬೇಕು. ಸಾರ್ವಜನಿಕ ನೀತಿಗಳ ಅಧ್ಯಯನ ನಡೆಸುವ ಪ್ಯೂ ಸಂಸ್ಥೆ 2018ರಲ್ಲಿ ರಾಜ್ಯಗಳನ್ನು ಹೋಲಿಸಿ ನೋಡಿದಾಗ, ಹೆಚ್ಚು ಜನರನ್ನು ಮಾದಕ ಅಪರಾಧಕ್ಕೆ ಜೈಲಿಗೆ ಹಾಕಿದ ರಾಜ್ಯಗಳಲ್ಲಿ ಅತಿಸೇವನೆಯ ಸಾವು ಕಡಿಮೆ ಎಂಬ ನಂಟು ಕಾಣಲಿಲ್ಲ. ದೊಡ್ಡ ಪ್ರಮಾಣದಲ್ಲಿ ತಯಾರಿಸುವವನು, ಗಡಿ ದಾಟಿಸುವವನು ಸತ್ತವನ ಫೋನಿನಲ್ಲಿ ಸಿಗುವುದಿಲ್ಲ. ಸಿಗುವವನು ಕೊನೆಯ ಕೈ, ಎಷ್ಟೋ ಸಲ ಅವನೂ ವ್ಯಸನಿಯೇ. ತಿಳಿದೂ ತಿಳಿದೂ ವಿಷ ಮಾರುವವನಿಗೆ ದೀರ್ಘ ಸೆರೆ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಕೊನೆಯ ಕೈಗೂ ಅದೇ ಅಳತೆ ಹಿಡಿಯುವ, ನ್ಯಾಯಾಧೀಶರ ಕೈ ಕಟ್ಟುವ ಕಾನೂನನ್ನು ಮಾತ್ರ ಒಪ್ಪಲಾರೆ.

ವೀಸಾ ಅಥವಾ ಗ್ರೀನ್ ಕಾರ್ಡಿನಲ್ಲಿ ಇರುವವರಿಗೆ ಜೈಲಿಗಿಂತ ದೊಡ್ಡ ಆಪತ್ತು ಇನ್ನೊಂದಿದೆ. ಸ್ವಂತಕ್ಕೆಂದು 30 ಗ್ರಾಂವರೆಗೆ ಗಾಂಜಾ ಇಟ್ಟುಕೊಂಡ ಒಂದು ಪ್ರಕರಣ ಬಿಟ್ಟರೆ, ಮಾದಕ ಅಪರಾಧದ ಯಾವ ಶಿಕ್ಷೆಯೂ ಗಡೀಪಾರಿಗೆ ಕಾರಣವಾಗಬಹುದು. ಮಾರಾಟದ ಆರೋಪ ಸಾಬೀತಾದರೆ ಉಳಿಯುವ ದಾರಿಗಳು ಬಹುಪಾಲು ಮುಚ್ಚಿಹೋಗುತ್ತವೆ. ಇಲ್ಲಿ ಹೆಚ್ಚಿನ ಮೊಕದ್ದಮೆಗಳು ವಿಚಾರಣೆಗೇ ಹೋಗುವುದಿಲ್ಲ, ತಪ್ಪೊಪ್ಪಿಗೆಯ ಒಪ್ಪಂದದಲ್ಲಿ ಮುಗಿಯುತ್ತವೆ. "ತಪ್ಪೊಪ್ಪಿಕೊ, ಚಿಕಿತ್ಸೆ ಮುಗಿಸು, ಪ್ರಕರಣ ರದ್ದಾಗುತ್ತದೆ" ಎಂದರೆ ಕೇಳಲು ಹಿತ. 36ನೇ ಪ್ರಸ್ತಾವದಲ್ಲೂ ಅಂಥ ದಾರಿಯಿದೆ. ಆದರೆ ರಾಜ್ಯದ ಕಡತದಲ್ಲಿ ರದ್ದಾದದ್ದು ವಲಸೆ ಕಾನೂನಿನ ಕಣ್ಣಿಗೆ ಶಿಕ್ಷೆಯಾಗಿಯೇ ಉಳಿಯಬಹುದು. ಪಡಿಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2010ರ ತೀರ್ಪಿನ ಪ್ರಕಾರ, ಒಪ್ಪಂದದಿಂದ ಗಡೀಪಾರಾಗುವ ಅಪಾಯವಿದ್ದರೆ ಅದನ್ನು ಹೇಳುವುದು ನಿಮ್ಮ ವಕೀಲರ ಕರ್ತವ್ಯ. ಅವರಾಗಿ ಹೇಳದಿದ್ದರೆ ಬಾಯಿಬಿಟ್ಟು ಕೇಳಿ, ವಲಸೆ ವಕೀಲರನ್ನೂ ಕಾಣುವವರೆಗೆ ಸಹಿ ಹಾಕಬೇಡಿ.

ಇನ್ನೊಂದು ಮಾತು, ಊರಿನಿಂದ ಬರುವ ಅಪ್ಪ ಅಮ್ಮಂದಿರ ಸೂಟ್‌ಕೇಸಿನ ಬಗ್ಗೆ. ಮಂಡಿನೋವಿಗೆಂದು ತರುವ ಟ್ರಮಡಾಲ್, ಕೆಮ್ಮಿಗೆಂದು ತರುವ ಕೊಡೀನ್ ಸಿರಪ್ ಎರಡೂ ಇಲ್ಲಿ ನಿಯಂತ್ರಿತ, ಅಫೀಮಿನಂತೆ ಕೆಲಸ ಮಾಡುವ ಓಪಿಯಾಯ್ಡ್‌ಗಳು. ವೈದ್ಯರ ಚೀಟಿ ಜೊತೆಗಿರಲಿ, ಮೂಲ ಪೊಟ್ಟಣದಲ್ಲೇ ಇರಲಿ. ಉಳಿದದ್ದನ್ನು ಪಕ್ಕದ ಮನೆಯವರಿಗೆ ಪ್ರೀತಿಯಿಂದ ಕೊಡುವುದು ಬೇಡ.

ಮಕ್ಕಳಿಗೆ ಹೇಳಬೇಕಾದದ್ದು ಇದಕ್ಕಿಂತ ಮುಖ್ಯ. ಜೊತೆಗಿದ್ದವನು ಬಿದ್ದರೆ ತಕ್ಷಣ 911ಕ್ಕೆ ಕರೆ ಮಾಡಬೇಕು. ಹಾಗೆ ಕರೆ ಮಾಡಿದವರನ್ನು ರಕ್ಷಿಸುವ ಕಾನೂನು ಬಹುತೇಕ ರಾಜ್ಯಗಳಲ್ಲಿದೆ. ಆದರೆ ಆ ರಕ್ಷಣೆ ಸಾಮಾನ್ಯವಾಗಿ ಇಟ್ಟುಕೊಂಡದ್ದಕ್ಕೆ, ಕೊಟ್ಟದ್ದಕ್ಕಲ್ಲ. ಕೊಲೆ ಆರೋಪದ ಹೆದರಿಕೆಯಲ್ಲಿ ಹುಡುಗರು ಕರೆ ಮಾಡದೆ ಓಡಿಹೋಗುತ್ತಾರೆ ಎಂಬುದೇ ಕಠಿಣ ಶಿಕ್ಷೆಯ ವಿರುದ್ಧ ನನ್ನನ್ನು ಹೆಚ್ಚು ಕಾಡುವ ವಾದ. ಮನೆಯಲ್ಲಿ ನಾವು ಹೇಳಿಟ್ಟಿರುವುದು ಇಷ್ಟು: ಮೊದಲು ಕರೆ ಮಾಡು, ವಕೀಲರನ್ನು ನಾವು ಹುಡುಕುತ್ತೇವೆ.

ಇಂಥ ವಸ್ತುಗಳ ಅತಿಸೇವನೆಗೆ ಪ್ರತಿಮದ್ದಾದ ನಾರ್ಕ್ಯಾನ್ ಎಂಬ ಮೂಗಿನ ಸಿಂಪಡಿಕೆ 2023ರಿಂದ ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಪೆಟ್ಟಿಗೆಯಲ್ಲಿ ಹೆಬ್ಬೆರಳಷ್ಟು ಉದ್ದದ ಎರಡು ಬಿಳಿ ಸಾಧನಗಳು. ತುಟಿ ನೀಲಿಗಟ್ಟಿ, ಗಂಟಲಲ್ಲಿ ಗೊರಗೊರ ಸದ್ದಾಗಿ, ಕರೆದರೂ ಅಲುಗಿಸಿದರೂ ಎಚ್ಚರವಾಗದಿದ್ದರೆ ಅಂಗಾತ ಮಲಗಿಸಿ ಒಂದು ಹೊಳ್ಳೆಗೆ ಪೂರ್ತಿ ಇಟ್ಟು ಒತ್ತಬೇಕು, ಪಕ್ಕಕ್ಕೆ ಹೊರಳಿಸಬೇಕು. ಎರಡು ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಎರಡನೆಯದನ್ನು ಇನ್ನೊಂದು ಹೊಳ್ಳೆಗೆ. ಮಗಳು ಕಾಲೇಜಿನ ವಸತಿಗೃಹಕ್ಕೆ ಹೊರಟ ದಿನ ಅವಳಮ್ಮ ಉಪ್ಪಿನಕಾಯಿ ಬಾಟಲಿಗಳ ಜೊತೆ ಅಂಥದ್ದೊಂದು ಪೆಟ್ಟಿಗೆ ಇಟ್ಟಳು. ಮಗಳು ಅದನ್ನು ತೆಗೆದು, ಕೋಣೆಯಲ್ಲಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟಿದ್ದಾಳೆ.